ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಉಚಿತ ಎಲುಬು ಶಿಬಿರ ಸಾಕಾ? ಹಿಮ್ಮಡಿ ಮೆಷಿನ್ ಮತ್ತು ಡೆಕ್ಸಾ ಸ್ಕ್ಯಾನ್, ಎರಡನ್ನೂ ಮಾಡಿಸಿದ ಮೇಲೆ

ನೇರ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಮೂರು ತಿಂಗಳಿಗಿಂತ ಜಾಸ್ತಿ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ, ಅದು ವೈಸೋಲೋನ್ ಆಗಲಿ, ಓಮ್ನಾಕಾರ್ಟಿಲ್ ಆಗಲಿ, ಡಿಫ್ಲಾಜಾಕಾರ್ಟ್ ಆಗಲಿ, ಪೇಟೆಯ ಹಾಲ್‌ನಲ್ಲಿ ನಡೆಯುವ ಉಚಿತ ಎಲುಬು ತಪಾಸಣೆಯ ಚೀಟಿ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಬೆನ್ನು ಮತ್ತು ಸೊಂಟದ ಡೆಕ್ಸಾ ಸ್ಕ್ಯಾನ್, ಅಂದರೆ ಎಲುಬಿನ ಸಾಂದ್ರತೆ ಅಳೆಯುವ ಎಕ್ಸ್‌ರೇ, ಬೇಕಾ ಎಂದು ಡಾಕ್ಟರನ್ನು ಕೇಳಿ. ನಮ್ಮ ಅಮ್ಮನಿಗೆ ಎರಡೂ ಆಗಿದೆ, ಎರಡರ ಫಲಿತಾಂಶವೂ ಬೇರೆ ಬೇರೆ ಬಂದಿದೆ.

ಅಮ್ಮನಿಗೆ ಪೆಂಫಿಗಸ್. ಬಾಯಿಯ ಒಳಗೂ ಮೈಮೇಲೂ ಗುಳ್ಳೆ ಎದ್ದು ಒಡೆಯುವ ಕಾಯಿಲೆ. ಅಂಟುರೋಗ ಅಲ್ಲ. ಇದಕ್ಕೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯೇ ಮೊದಲ ಮದ್ದು, ಅದೂ ಶುರುವಿಗೆ ದೊಡ್ಡ ಡೋಸ್, ಆಮೇಲೆ ಬಹಳ ನಿಧಾನವಾಗಿ ಇಳಿಸುತ್ತಾ ಬರುತ್ತಾರೆ. ಆ ಮಾತ್ರೆ ಇಲ್ಲದಿದ್ದರೆ ಅಮ್ಮ ಅನ್ನ ನುಂಗುವ ಸ್ಥಿತಿಯಲ್ಲೇ ಇರಲಿಲ್ಲ, ಹಾಗಾಗಿ ಸ್ಟೀರಾಯ್ಡನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಆದರೆ ಅದು ಎಲುಬಿಗೆ ಏನು ಮಾಡುತ್ತದೆ ಅನ್ನುವುದನ್ನು ಕಾಸರಗೋಡಿನ ನಮ್ಮ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯ ಎಷ್ಟೋ ಮನೆಗಳಲ್ಲಿ ಯಾರೂ ಹೇಳಿರುವುದಿಲ್ಲ.

ಮೊದಲು ಉಚಿತ ಶಿಬಿರದ ಬಗ್ಗೆ. ಹೆಸರು ಹಾಕುವುದಿಲ್ಲ. ಪೇಟೆಯ ಒಂದು ಹಾಲ್‌ನಲ್ಲಿ ನಡೆದಿತ್ತು, ಚಿಕ್ಕಮ್ಮ ಅಮ್ಮನನ್ನೂ ಜೊತೆಯಲ್ಲಿ ಕರೆದುಕೊಂಡು ಹೋದರು. ಹಿಮ್ಮಡಿಗೆ ಜೆಲ್ ಹಚ್ಚಿ ಒಂದು ಪೆಟ್ಟಿಗೆಯ ಒಳಗೆ ಪಾದ ಇಡಿಸುತ್ತಾರೆ, ಒಂದೆರಡು ನಿಮಿಷದಲ್ಲಿ ಚೀಟಿ ಬರುತ್ತದೆ. ಅಮ್ಮನ ಚೀಟಿಯಲ್ಲಿ ಹಸಿರು ಪಟ್ಟಿ, ಟಿ ಸ್ಕೋರ್ ಮೈನಸ್ 0.6, "ನಾರ್ಮಲ್". ಟಿ ಸ್ಕೋರ್ ಅಂದರೆ ನಮ್ಮ ಎಲುಬನ್ನು ಆರೋಗ್ಯವಂತ ಯುವ ಪ್ರಾಯದವರ ಎಲುಬಿನ ಜೊತೆ ಹೋಲಿಸಿದ ಅಂಕಿ. ಪಕ್ಕದ ಮೇಜಿನಲ್ಲಿ ಡಬ್ಬಿಯ ಪುಡಿ ಮಾರಾಟಕ್ಕಿತ್ತು. ಸಿಬ್ಬಂದಿ ಮರ್ಯಾದೆಯಿಂದಲೇ ಮಾತಾಡಿದರು, ಕನ್ನಡದಲ್ಲೇ ಹೇಳಿದರು, ಕುರ್ಚಿ ಕೊಟ್ಟರು, ಅದೆಲ್ಲ ಸರಿ. ನನ್ನ ದೂರು ಒಂದೇ. "ಅಮ್ಮ, ನೀವು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?" ಎಂದು ಯಾರೂ ಕೇಳಲಿಲ್ಲ. ಪ್ರಾಯ ಬರೆದುಕೊಂಡರು, ಫೋನ್ ನಂಬರ್ ಬರೆದುಕೊಂಡರು, ಅಷ್ಟೇ. ಎಲುಬಿನ ಶಿಬಿರ ಅಂದ ಮೇಲೆ ಕೇಳಲೇಬೇಕಾದ ಪ್ರಶ್ನೆ ಅದು, ಅಲ್ವಾ?

ಆ ಹಿಮ್ಮಡಿ ಮೆಷಿನ್ ಸುಳ್ಳು ಅಂತಲ್ಲ. ಅದು ಅಲ್ಟ್ರಾಸೌಂಡ್. ಶಬ್ದದ ಅಲೆ ಹಿಮ್ಮಡಿಯ ಎಲುಬಿನಲ್ಲಿ ಎಷ್ಟು ವೇಗವಾಗಿ ಹೋಗುತ್ತದೆ, ಎಷ್ಟು ಕುಗ್ಗುತ್ತದೆ ಎಂದು ಅಳೆಯುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ, 65 ದಾಟಿದ ಗಂಡಸರಲ್ಲಿ ಎಲುಬು ಮುರಿಯುವ ಅಪಾಯದ ಒಂದು ಅಂದಾಜು ಅದರಿಂದ ಸಿಗುತ್ತದೆ. ಆದರೆ ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೋಪೊರೋಸಿಸ್ (ಎಲುಬು ಸವೆದು ಸುಲಭವಾಗಿ ಮುರಿಯುವ ಕಾಯಿಲೆ) ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ ಇದೆಯಲ್ಲ, ಅದನ್ನು ಈ ಮೆಷಿನಿನ ಅಂಕಿಗೆ ಹೊಂದಿಸಿ ನೋಡುವ ಹಾಗಿಲ್ಲ. ಆ ಗೆರೆ ನಡೆಯುವುದು ಡೆಕ್ಸಾ ಅಳತೆಗೆ. ಮದ್ದು ಶುರು ಮಾಡಿದ ಮೇಲೆ ಎಲುಬು ಸುಧಾರಿಸಿತಾ ಎಂದು ನೋಡಲೂ ಹಿಮ್ಮಡಿ ಮೆಷಿನ್ ಉಪಯೋಗಕ್ಕೆ ಬರುವುದಿಲ್ಲ. ಇಷ್ಟನ್ನು ಚೀಟಿಯ ಕೆಳಗೆ ಎರಡು ಸಾಲಿನಲ್ಲಿ ಅಚ್ಚು ಹಾಕಿದರೂ ಸಾಕಿತ್ತು.

ಸ್ಟೀರಾಯ್ಡ್ ವಿಷಯ ಇನ್ನೂ ಬೇರೆ. ಅದು ಎರಡು ಮೂರು ಕಡೆಯಿಂದ ಒಟ್ಟಿಗೆ ಪೆಟ್ಟು ಕೊಡುತ್ತದೆ. ಕರುಳು ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗುತ್ತದೆ, ಮೂತ್ರದಲ್ಲಿ ಹೋಗುವುದು ಜಾಸ್ತಿಯಾಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಹೊಸ ಎಲುಬು ಕಟ್ಟುವ ಕೋಶಗಳೇ ಸೊರಗುತ್ತವೆ. ಮೊದಲ ಮೂರರಿಂದ ಆರು ತಿಂಗಳಲ್ಲೇ ನಷ್ಟ ಅತಿ ವೇಗ. ಅಂದರೆ "ವರ್ಷ ಕಳೆಯಲಿ, ಆಮೇಲೆ ನೋಡೋಣ" ಅಂದುಕೊಂಡು ಕುಳಿತರೆ ಜಾಸ್ತಿ ಹಾಳಾಗುವ ಸಮಯ ಕಳೆದೇ ಹೋಗಿರುತ್ತದೆ. ಬೆನ್ನಿನ ಮಣಿಗಳು, ಪಕ್ಕೆಲುಬು ಮೊದಲು ಸೋಲುತ್ತವೆ. ಇನ್ನೊಂದು ಮಾತು, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಸ್ಕ್ಯಾನಿನಲ್ಲಿ ಅಂಕಿ ಅಷ್ಟೇನೂ ಕೆಟ್ಟಿಲ್ಲದಿದ್ದರೂ ಮುರಿತದ ಅಪಾಯ ಬೇರೆಯವರಿಗಿಂತ ಹೆಚ್ಚೇ ಇರುತ್ತದೆ. ಅಮೆರಿಕದ ಸಂಧಿವಾತ ತಜ್ಞರ ಕಾಲೇಜಿನ 2022ರ ಮಾರ್ಗಸೂಚಿಯಲ್ಲಿ, ದಿನಕ್ಕೆ 2.5 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೆಡ್ನಿಸೋಲೋನನ್ನು ಮೂರು ತಿಂಗಳು ಮೀರಿ ತೆಗೆದುಕೊಳ್ಳುವ ದೊಡ್ಡವರಿಗೆಲ್ಲ ಎಲುಬಿನ ಅಪಾಯ ಲೆಕ್ಕ ಹಾಕಬೇಕು, ಅದೂ ಬೇಗ, ಎಂದಿದೆ. ಎರಡೂವರೆ ಮಿಲಿಗ್ರಾಂ ಅಂದರೆ ಐದರ ಮಾತ್ರೆಯ ಅರ್ಧ. ನಾವೆಲ್ಲ "ಸಣ್ಣ ಡೋಸ್, ಏನೂ ಆಗಲ್ಲ" ಅನ್ನುವ ಡೋಸ್ ಅದು.

ಅಮ್ಮನ ಚರ್ಮದ ಡಾಕ್ಟರು ಇರುವುದು ಮಂಗಳೂರಿನಲ್ಲಿ. ಹಸಿರು ಚೀಟಿ ನೋಡಿ ಅವರು, "ಇದನ್ನು ನಂಬಿ ನಾನು ಮದ್ದು ನಿರ್ಧಾರ ಮಾಡಲಿಕ್ಕೆ ಆಗುವುದಿಲ್ಲಮ್ಮ, ಡೆಕ್ಸಾ ಮಾಡಿಸಿಕೊಂಡು ಬನ್ನಿ" ಎಂದು ಬರೆದುಕೊಟ್ಟರು. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗುವುದು ನಮಗೆ ಹೊಸತಲ್ಲ, ಹಾಗಾಗಿ ಅಲ್ಲೇ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಮಾಡಿಸಿದೆವು.

ಈ ಸೆಂಟರಿನ ಬಗ್ಗೆ ಒಳ್ಳೆಯ ಮಾತೇ ಜಾಸ್ತಿ. ಬುಕ್ ಮಾಡುವಾಗಲೇ ಫೋನಿನಲ್ಲಿ, ಹಿಂದಿನ ದಿನದಿಂದ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿ, ಇತ್ತೀಚೆಗೆ ಬೇರಿಯಂ ಕುಡಿಸಿದ ಪರೀಕ್ಷೆ ಅಥವಾ ಕಾಂಟ್ರಾಸ್ಟ್ ಹಾಕಿದ ಸಿಟಿ ಸ್ಕ್ಯಾನ್ ಆಗಿದ್ದರೆ ತಿಳಿಸಿ ಎಂದರು. ಸ್ಟೀರಾಯ್ಡ್ ನಿಲ್ಲಿಸಬೇಕಾ ಎಂದು ನಾನೇ ಕೇಳಿದ್ದಕ್ಕೆ, ಅದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ ಎಂದು ಒತ್ತಿ ಹೇಳಿದರು. ಹೋದ ಮೇಲೆ ಎತ್ತರ, ತೂಕ ನೋಡಿದರು, ಮಾತ್ರೆಗಳ ಪಟ್ಟಿ ಕೇಳಿ ಬರೆದುಕೊಂಡರು. ಹುಕ್ಕು, ಜಿಪ್ಪು, ಪಿನ್ನು ಯಾವುದೂ ಇಲ್ಲದ ಬಟ್ಟೆ ಇರಬೇಕು. ಅಮ್ಮ ಸೀರೆಗೆ ಹಾಕಿದ ಪಿನ್ನು ತೆಗೆದರೆ ಸಾಕಾಯಿತು. ಚಪ್ಪಟೆ ಮಂಚದಲ್ಲಿ ಮಲಗಿಸಿ, ಬೆನ್ನಿಗೆ ಅಂತ ಕಾಲುಗಳನ್ನು ಎತ್ತರದ ದಿಂಬಿನ ಮೇಲೆ ಇಡಿಸಿದರು. ಸೊಂಟಕ್ಕೆ ಅಂತ ಪಾದವನ್ನು ಒಳಗೆ ತಿರುಗಿಸಿ ಪಟ್ಟಿ ಕಟ್ಟಿದರು. ಮೇಲಿಂದ ಮೆಷಿನಿನ ಕೈ ನಿಧಾನಕ್ಕೆ ಸರಿಯುತ್ತದೆ. ಗುಹೆಯ ಒಳಗೆ ಹೋಗುವ ಹಾಗೆ ಇಲ್ಲ, ಚುಚ್ಚುವುದಿಲ್ಲ, ಶಬ್ದ ಇಲ್ಲ. ಎಕ್ಸ್‌ರೇ ಕಿರಣವೇ ಆದರೂ ಪ್ರಮಾಣ ತೀರಾ ಕಡಿಮೆ, ಎದೆಯ ಎಕ್ಸ್‌ರೇಗಿಂತಲೂ ಕಡಿಮೆ. ಹತ್ತು ಹದಿನೈದು ನಿಮಿಷದ ಕೆಲಸ. ಟೆಕ್ನಿಷಿಯನ್ ಹುಡುಗಿ "ಅಮ್ಮ, ಅಲುಗಾಡಬೇಡಿ, ಈಗ ಮುಗೀತು" ಎನ್ನುತ್ತಾ, ಮೈಮೇಲೆ ಗಾಯ ಇರುವಲ್ಲಿ ಕೈ ತಾಗದ ಹಾಗೆ ಎಷ್ಟು ನಾಜೂಕಾಗಿ ತಿರುಗಿಸಿದಳು ಅಂದರೆ, ಅದೊಂದಕ್ಕೇ ಆ ಸೆಂಟರಿಗೆ ಪೂರ್ತಿ ಅಂಕ ಕೊಡಬೇಕು. ಪೆಂಫಿಗಸ್ ಇರುವವರ ಚರ್ಮ ಒರಸಿದರೂ ಕಿತ್ತು ಬರುತ್ತದೆ, ಅದು ಅವಳಿಗೆ ಗೊತ್ತಿತ್ತು.

ಕೊರತೆಗಳೂ ಇವೆ. ಮೆಟ್ಟಿಲು ಹತ್ತಿ ಹೋಗಬೇಕು, ಹಿಡಿದುಕೊಳ್ಳಲು ಒಂದು ಕಡೆ ಮಾತ್ರ ಕಂಬಿ. ಎಲುಬು ಸವೆದವರೇ ಬರುವ ಜಾಗ ಇದು. ರಿಪೋರ್ಟ್ ಪೂರ್ತಿ ಇಂಗ್ಲಿಷಿನಲ್ಲಿ, ಬಣ್ಣದ ಚಿತ್ರ ಇದೆ, ಆದರೆ ವಿವರಿಸಿ ಹೇಳುವವರು ಯಾರೂ ಇಲ್ಲ. ನಾವು ಕೊಟ್ಟದ್ದು ಎರಡು ಸಾವಿರ ರೂಪಾಯಿಯ ಹತ್ತಿರ ಹತ್ತಿರ. ಕಡಿಮೆ ಅಂತ ಹೇಳಲಾರೆ, ಆದರೆ ಸೊಂಟ ಮುರಿದು ಆಪರೇಷನ್ ಆದ ಮನೆಯವರನ್ನು ಕೇಳಿದರೆ ಈ ಖರ್ಚು ಎಷ್ಟು ಸಣ್ಣದು ಅಂತ ಗೊತ್ತಾಗುತ್ತದೆ.

ಫಲಿತಾಂಶ: ಬೆನ್ನು ಮೈನಸ್ 2.7, ಸೊಂಟದಲ್ಲಿ ತೊಡೆಯೆಲುಬಿನ ಕುತ್ತಿಗೆ ಮೈನಸ್ 2.1. ಅದೇ ಅಮ್ಮ, ಅದೇ ತಿಂಗಳು. ಹಿಮ್ಮಡಿಯಲ್ಲಿ ಹಸಿರು, ಬೆನ್ನಿನಲ್ಲಿ ಆಸ್ಟಿಯೋಪೊರೋಸಿಸ್. ಓದಿಕೊಳ್ಳುವ ಕ್ರಮ ಸುಲಭ. ಮೈನಸ್ 1ರವರೆಗೆ ಸರಿ, 1ರಿಂದ 2.5ರ ನಡುವೆ ಎಲುಬು ತೆಳುವಾಗುತ್ತಿದೆ, 2.5 ಅಥವಾ ಅದಕ್ಕೂ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್. ಈ ಲೆಕ್ಕ ಮುಟ್ಟು ನಿಂತವರಿಗೆ ಮತ್ತು 50 ದಾಟಿದ ಗಂಡಸರಿಗೆ. ಚಿಕ್ಕ ಪ್ರಾಯದವರಿಗೆ, ಉದಾಹರಣೆಗೆ ಸ್ಟೀರಾಯ್ಡ್ ಬೇಕಾಗುವ ಲೂಪಸ್ ಎಂಬ ಕಾಯಿಲೆ ಇರುವ ಮೂವತ್ತರ ಹುಡುಗಿಗೆ, ಝಡ್ ಸ್ಕೋರ್ ನೋಡಬೇಕು. ಅವರದೇ ಪ್ರಾಯದವರ ಜೊತೆ ಹೋಲಿಸುವ ಅಂಕಿ ಅದು.

ಡಾಕ್ಟರು ಬೆನ್ನನ್ನು ಪಕ್ಕದಿಂದ ನೋಡುವ ಎಕ್ಸ್‌ರೇಯನ್ನೂ ತೆಗೆಸಿದರು. ಯಾಕೆ ಅಂದರೆ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಬೆನ್ನಿನ ಮಣಿ ನೋವೇ ಇಲ್ಲದೆ ಕುಸಿದಿರಬಹುದು. ಎತ್ತರ ಕಡಿಮೆಯಾದದ್ದು, ಬೆನ್ನು ಬಾಗಿದ್ದು ನೋಡಿ ನಾವು ಪ್ರಾಯ ಆಯಿತು ಅಂದುಕೊಳ್ಳುತ್ತೇವೆ. ಕುಸಿದ ಮಣಿ ಇದ್ದರೆ ಡೆಕ್ಸಾದಲ್ಲಿ ಬೆನ್ನಿನ ಅಂಕಿ ನಿಜಕ್ಕಿಂತ ಚೆನ್ನಾಗಿಯೂ ತೋರಬಹುದು. ದೇವರ ದಯೆ, ಅಮ್ಮನಿಗೆ ಯಾವುದೂ ಕುಸಿದಿರಲಿಲ್ಲ.

ಆಮೇಲಿನ ಮದ್ದು ಈ ಸ್ಕ್ಯಾನ್ ಇಲ್ಲದೆ ಬರುತ್ತಲೇ ಇರಲಿಲ್ಲ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೋನೇಟ್ 70 ಮಿಲಿಗ್ರಾಂ ಮಾತ್ರೆ ಹೆಚ್ಚಿನವರಿಗೆ ಕೊಡುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗದೆ ನೆಟ್ಟಗೆ ಕೂತಿರಬೇಕು ಅಥವಾ ನಿಂತಿರಬೇಕು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಚಹಾದ ಜೊತೆ ನುಂಗಿದರೆ ಪ್ರಯೋಜನ ಇಲ್ಲ. ಅಮ್ಮನಿಗೆ ಬಾಯಿ, ಗಂಟಲಿನಲ್ಲೇ ಹುಣ್ಣು ಇದ್ದ ಕಾರಣ ಆ ಮಾತ್ರೆ ಬೇಡ ಎಂದು, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಡ್ರಿಪ್ ಹಾಕುವ ಜೊಲೆಡ್ರೋನಿಕ್ ಆಸಿಡ್ 5 ಮಿಲಿಗ್ರಾಂ ಆರಿಸಿದರು. ಅದಕ್ಕೆ ಮೊದಲು ಕಿಡ್ನಿಯ ರಕ್ತಪರೀಕ್ಷೆ, ಕ್ಯಾಲ್ಸಿಯಂ, ವಿಟಮಿನ್ ಡಿ, ಮತ್ತೆ ಹಲ್ಲಿನ ಡಾಕ್ಟರ ಹತ್ತಿರ ಒಂದು ಸಲ. ಹಲ್ಲು ಕೀಳಿಸುವ ಕೆಲಸ ಇದ್ದರೆ ಮೊದಲೇ ಮುಗಿಸಿಕೊಳ್ಳಬೇಕು, ಅಪರೂಪಕ್ಕಾದರೂ ದವಡೆಯ ಎಲುಬಿಗೆ ತೊಂದರೆಯಾಗುವುದು ಉಂಟು. ಡ್ರಿಪ್ ಆದ ಮೇಲೆ ಜ್ವರ, ಮೈಕೈ ನೋವು ಬಂತು. ಮೊದಲ ಸಲ ಎಷ್ಟೋ ಜನರಿಗೆ ಬರುತ್ತದೆ, ಪ್ಯಾರಸಿಟಮಾಲ್‌ಗೆ ಇಳಿಯುತ್ತದೆ.

ವಿಟಮಿನ್ ಡಿ ತೀರಾ ಕೆಳಗಿತ್ತು. ಇಷ್ಟು ಬಿಸಿಲಿನ ಊರಲ್ಲಿ ಹೇಗೆ ಅಂತ ನೆರೆಮನೆಯವರಿಗೆ ಆಶ್ಚರ್ಯ. ಗುಳ್ಳೆಯಿಂದಾಗಿ ಅಮ್ಮ ಹೊರಗೆ ಕಾಲಿಡದೆ ಎಷ್ಟೋ ಕಾಲವಾಗಿತ್ತು, ಜೊತೆಗೆ ನಮ್ಮ ಮಳೆಗಾಲ. ವಾರಕ್ಕೊಂದು 60,000 ಯೂನಿಟ್ಟಿನ ಪುಡಿ ಕೊಟ್ಟು, ಮಟ್ಟ ಮೇಲೆ ಬಂದ ನಂತರವೇ ಡ್ರಿಪ್ ಹಾಕಿದ್ದು. ಆ ಪುಡಿಯನ್ನು ದಿನಾ ತಿನ್ನುವ ಹಾಗಿಲ್ಲ, ಡಾಕ್ಟರು ಹೇಳಿದಷ್ಟು ವಾರ ಮಾತ್ರ.

ಕ್ಯಾಲ್ಸಿಯಂ ಬಗ್ಗೆ ಬದಿಯಡ್ಕದ ನಮ್ಮ ಮೆಡಿಕಲ್ ಅಂಗಡಿಯವರನ್ನು ಮೆಚ್ಚಲೇಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹಿಡಿಯುತ್ತದೆ, ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ, ಎರಡು ಮಾತ್ರೆ ಒಟ್ಟಿಗೆ ಬೇಡ ಎಂದು ಅವರು ಕೇಳದೆಯೇ ಹೇಳಿದರು. ದಿನಕ್ಕೆ ಊಟ, ಮಾತ್ರೆ ಎಲ್ಲ ಸೇರಿ 1000ದಿಂದ 1200 ಮಿಲಿಗ್ರಾಂ ಸಾಕು. ರಾಗಿ ನಮ್ಮ ಕಡೆ ಮಕ್ಕಳಿಗೆ ಮಾತ್ರ ಅನ್ನುವ ಅಭ್ಯಾಸ. ಆದರೆ 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮೀರಿ ಕ್ಯಾಲ್ಸಿಯಂ ಇದೆ, ಕುಚ್ಚಲಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಖಾರ ತಾಗದ ಬಾಯಿಗೆ ತಣ್ಣಗಿನ ರಾಗಿ ಮಣ್ಣಿ ಅಮ್ಮನಿಗೆ ತುಂಬಾ ಒಗ್ಗಿತು. ಮೊಸರು, ಎಳ್ಳು ಇದ್ದೇ ಇದೆ. ನಮ್ಮಲ್ಲಿ ಮೀನು ಇಲ್ಲ, ತಿನ್ನುವವರು ಮುಳ್ಳು ಸಮೇತ ತಿನ್ನುವ ಕೊಲ್ಲತರುವಿನಂಥ ಸಣ್ಣ ಮೀನು ಬಿಡಬೇಡಿ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಇದನ್ನು ಓದಿ ಯಾರೂ ಸ್ಟೀರಾಯ್ಡ್ ಮಾತ್ರೆಯನ್ನು ತಟ್ಟನೆ ನಿಲ್ಲಿಸಬೇಡಿ. ಬಹಳ ದಿನ ತೆಗೆದುಕೊಂಡವರ ದೇಹ ತನ್ನದೇ ಸ್ಟೀರಾಯ್ಡ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ, ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಬರಬಹುದು. 2020ರ ಲಾಕ್‌ಡೌನಿನಲ್ಲಿ ತಲಪಾಡಿ ರಸ್ತೆ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ನೆನಪಿದೆಯಲ್ಲ, ಅಂದಿನಿಂದ ನಮ್ಮ ಮನೆಯಲ್ಲಿ ಈ ಮಾತ್ರೆ ಮುಗಿಯುವವರೆಗೆ ಕಾಯುವುದಿಲ್ಲ, ಮೊದಲೇ ತಂದಿಡುತ್ತೇವೆ. ಹಾಗೆಯೇ ಗಂಟುನೋವಿಗೆ, ದಮ್ಮಿಗೆ ಹೆಸರಿಲ್ಲದ ಪುಡಿ, ಗುಳಿಗೆ ತಿಂದು "ಮ್ಯಾಜಿಕ್ ಹಾಗೆ ಕಡಿಮೆಯಾಯಿತು" ಅನ್ನುವವರು ಎಚ್ಚರ ಇರಬೇಕು. ಅಂಥ ಎಷ್ಟೋ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಮುಖ ಊದುತ್ತಿದ್ದರೆ ಆ ಪೊಟ್ಟಣವನ್ನೇ ಡಾಕ್ಟರಿಗೆ ತೋರಿಸಿ.

ಸ್ಟೀರಾಯ್ಡ್ ತೊಡೆಯ ಬಲವನ್ನೂ ಕುಗ್ಗಿಸುತ್ತದೆ. ಅಮ್ಮನಿಗೆ ಕೆಳಗೆ ಕುಳಿತರೆ ಏಳಲು ಕಷ್ಟ. ಮಳೆಗಾಲದಲ್ಲಿ ಅಂಗಳದ ಹಾವಸೆ ಕೆರೆಸಿ, ಬಚ್ಚಲಿಗೆ ಹೋಗುವ ಕೆಂಪುಕಲ್ಲಿನ ಮೆಟ್ಟಿಲಿಗೆ ಕೈಹಿಡಿ ಹಾಕಿಸಿದೆವು. ಸಂಜೆ ಜಗಲಿಯಲ್ಲಿ ನಡೆದಾಟ, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ, ಇಷ್ಟು ದಿನಾ ನಡೆಯುತ್ತದೆ.

ಅಂಕ ಕೊಡುವುದಾದರೆ ಶಿಬಿರಕ್ಕೆ ಐದರಲ್ಲಿ ಒಂದೂವರೆ, ಮಾತ್ರೆ ಯಾವುದು ಎಂದು ಕೇಳಲು ಶುರು ಮಾಡಿದರೆ ಮೂರು ಕೊಡುತ್ತೇನೆ. ಡೆಕ್ಸಾ ಸೆಂಟರಿಗೆ ನಾಲ್ಕು. ಬುಕ್ ಮಾಡುವಾಗ "ಡೆಕ್ಸಾ ತಾನೇ, ಬೆನ್ನು, ಸೊಂಟ ಎರಡೂ ಇದೆಯಾ?" ಎಂದು ಕೇಳಿ, ಕೈಮಣಿಕಟ್ಟು ಅಥವಾ ಹಿಮ್ಮಡಿ ಮಾತ್ರ ಅಂದರೆ ಬೇರೆ ಕಡೆ ನೋಡಿ. ಮುಂದಿನ ಸ್ಕ್ಯಾನನ್ನು ಒಂದೆರಡು ವರ್ಷದ ನಂತರ ಅದೇ ಸೆಂಟರಿನ ಅದೇ ಮೆಷಿನಿನಲ್ಲಿ ಮಾಡಿಸಬೇಕು, ಮೆಷಿನ್ ಬದಲಾದರೆ ಅಂಕಿ ಹೋಲಿಸಲು ಬರುವುದಿಲ್ಲ. ಹಾಗಾಗಿ ಹಳೆಯ ರಿಪೋರ್ಟನ್ನು ಚಿತ್ರ ಸಮೇತ ಫೈಲಿನಲ್ಲಿ ಇಟ್ಟುಕೊಳ್ಳಿ.