ಮತ ಎಣಿಕೆಯ ದಿನ ಯಾವುದನ್ನು ನೆಚ್ಚಬೇಕು: ಟಿವಿ, ಆಯೋಗದ ಜಾಲತಾಣ, ರೇಡಿಯೊ, ಹೋಟೆಲು

ಮತ ಹಾಕುವುದು ಹೇಗೆಂದು ಹೇಳಿಕೊಡಲು ಚುನಾವಣಾ ಆಯೋಗವಿದೆ, ಜಾಹೀರಾತುಗಳಿವೆ, ಮೈಸೂರಿನಲ್ಲಿ ತಯಾರಾದ ಶಾಯಿಯನ್ನು ಬೆರಳಿಗೆ ಹಚ್ಚಿಸಿಕೊಂಡು ಫೋಟೊಗೆ ನಿಲ್ಲುವ ಸಿನಿಮಾ ನಟರಿದ್ದಾರೆ. ಎಣಿಕೆಯ ದಿನವನ್ನು ಹೇಗೆ ಕಳೆಯಬೇಕೆಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಆ ಕೊರತೆಯನ್ನು ತುಂಬುವ ಉದ್ದೇಶದಿಂದಲ್ಲ, ಕೇವಲ ಚಪಲದಿಂದ, 2018ರ ಮತ್ತು 2023ರ ವಿಧಾನಸಭಾ ಚುನಾವಣೆಗಳ ಎಣಿಕೆಯನ್ನೂ 2024ರ ಲೋಕಸಭಾ ಚುನಾವಣೆಯ ಎಣಿಕೆಯನ್ನೂ ನಾನು ಬೇರೆ ಬೇರೆ ದಾರಿಗಳಲ್ಲಿ ಹಿಂಬಾಲಿಸಿದ್ದೇನೆ. ಟಿವಿ, ಆಯೋಗದ ಜಾಲತಾಣ, ಆಕಾಶವಾಣಿ, ಮನೆಯ ಹತ್ತಿರದ ಹೋಟೆಲು, ಇವು ನಾಲ್ಕೂ ವರದಿ ಮಾಡುವುದು ಅದೇ ಯಂತ್ರಗಳೊಳಗಿನ ಅದೇ ಮತಗಳನ್ನು. ಆದರೂ ಬೆಳಗಿನ ಹತ್ತು ಗಂಟೆಗೆ ನಾಲ್ಕನ್ನೂ ಕೇಳಿ ನೋಡಿದರೆ ನಾಲ್ಕು ರಾಜ್ಯಗಳ ಫಲಿತಾಂಶ ಕೇಳಿದಂತಾಗುತ್ತದೆ.

ಇದಕ್ಕೆ ಕಾರಣ ಎಣಿಕೆಯ ಕ್ರಮದಲ್ಲಿಯೇ ಇದೆ. ಬೆಳಿಗ್ಗೆ ಎಂಟಕ್ಕೆ ಅಂಚೆ ಮತಗಳಿಂದ ಶುರುವಾಗಿ, ಅರ್ಧ ಗಂಟೆಯ ಬಳಿಕ ಮತಯಂತ್ರಗಳನ್ನು ತೆರೆಯುತ್ತಾರೆ. ಒಂದು ವಿಧಾನಸಭಾ ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಮೇಜುಗಳು. ಹದಿನಾಲ್ಕು ಮತಗಟ್ಟೆಗಳ ಯಂತ್ರಗಳು ಮುಗಿದರೆ ಒಂದು ಸುತ್ತು. 250 ಮತಗಟ್ಟೆಗಳಿರುವ ಕ್ಷೇತ್ರಕ್ಕೆ ಹೀಗೆ ಹದಿನೆಂಟು ಸುತ್ತುಗಳು ಬೇಕು. ಮೂರನೆಯ ಸುತ್ತಿನಲ್ಲಿ ಮುಂದಿರುವವರು ಮೂರನೆಯ ಸುತ್ತಿನಲ್ಲಿ ಮುಂದಿದ್ದಾರೆ, ಅಷ್ಟೇ. ಈ 'ಅಷ್ಟೇ' ಎಂಬುದನ್ನು ಯಾರು ಎಷ್ಟರ ಮಟ್ಟಿಗೆ ಹೇಳುತ್ತಾರೆ ಎನ್ನುವುದನ್ನೇ ನಾನು ಹೋಲಿಕೆಯ ಮುಖ್ಯ ಅಳತೆಗೋಲಾಗಿ ಇಟ್ಟುಕೊಂಡೆ. ಎರಡನೆಯದು ಮನೆಯವರ ನೆಮ್ಮದಿ.

ಟಿವಿಯಿಂದಲೇ ಆರಂಭಿಸಬೇಕು, ಏಕೆಂದರೆ ಟಿವಿ ಎಲ್ಲರಿಗಿಂತ ಮೊದಲು ಆರಂಭಿಸಿರುತ್ತದೆ. 2018ರ ಮೇ 15ರಂದು ನಾನು ಪೂರ್ತಿಯಾಗಿ ಟಿವಿಯನ್ನೇ ನಂಬಿ ಕುಳಿತವನು. ಎಣಿಕೆ ಶುರುವಾಗುವ ಎರಡು ಗಂಟೆ ಮುಂಚೆಯೇ ಸ್ಟುಡಿಯೊಗಳಲ್ಲಿ ಸರ್ಕಾರ ರಚನೆ ಮುಗಿದಿತ್ತು. ಒಂದು ವಾಹಿನಿಯಲ್ಲಿ ರಾಜಕೀಯ ವಿಶ್ಲೇಷಕರ ಪಕ್ಕದಲ್ಲೇ ಜ್ಯೋತಿಷಿಯೊಬ್ಬರು ಕುಳಿತಿದ್ದರು. ಯಾರ ಮಾತು ಹೆಚ್ಚು ಎಚ್ಚರದ್ದಾಗಿತ್ತು ಎಂದರೆ, ಗ್ರಹಗತಿಯ ನೆಪದಲ್ಲಿ ಸಂಜೆಯವರೆಗೆ ಕಾಯಲು ಹೇಳಿದ ಜ್ಯೋತಿಷಿಯದೇ. ಆ ಸಲ ರಾಜರಾಜೇಶ್ವರಿ ನಗರ ಮತ್ತು ಜಯನಗರದ ಮತದಾನ ಮುಂದಕ್ಕೆ ಹೋಗಿದ್ದರಿಂದ ಎಣಿಕೆ ನಡೆದದ್ದು 222 ಕ್ಷೇತ್ರಗಳದ್ದು. ಆದರೆ ನಾನು ನೋಡುತ್ತಿದ್ದ ವಾಹಿನಿಯೊಂದರ ಪರದೆಯ ಮೇಲಿನ ಪಕ್ಷವಾರು ಅಂಕಿಗಳನ್ನು ಕೂಡಿಸಿದಾಗ ಮೊತ್ತ ಅದಕ್ಕಿಂತ ಹೆಚ್ಚಾಗುತ್ತಿತ್ತು. ಮತದಾನವೇ ನಡೆಯದ ಕಡೆಯೂ ಯಾರೋ ಮುನ್ನಡೆ ಸಾಧಿಸಿದ್ದರು ಎಂದುಕೊಂಡು ಸುಮ್ಮನಾದೆ.

ಬೆಳಗಿನ ಹೊತ್ತಿಗೆ ಬಿಜೆಪಿ ಬಹುಮತದ ಗಡಿಯನ್ನು ದಾಟಿದಂತೆ ಕಾಣಿಸಿತು, ಪಕ್ಷದ ಕಚೇರಿಯ ಮುಂದೆ ಕುಣಿತವೂ ಸಿಹಿ ಹಂಚಿಕೆಯೂ ಆದವು. ಮಧ್ಯಾಹ್ನವಾಗುತ್ತಿದ್ದಂತೆ ಅಂಕಿ ಕರಗತೊಡಗಿ ಕೊನೆಗೆ 104ಕ್ಕೆ ನಿಂತಿತು. ಅಷ್ಟು ಹೊತ್ತಿಗೆ ಕಾಂಗ್ರೆಸ್ಸು ಜೆಡಿಎಸ್‌ಗೆ ಮುಖ್ಯಮಂತ್ರಿ ಸ್ಥಾನವನ್ನು ಬಿಟ್ಟುಕೊಡಲು ಒಪ್ಪಿಯೂ ಆಗಿತ್ತು. ಬಿ.ಎಸ್. ಯಡಿಯೂರಪ್ಪನವರು ಮೇ 17ರಂದು ಪ್ರಮಾಣವಚನ ಸ್ವೀಕರಿಸಿ 19ರಂದು ರಾಜೀನಾಮೆ ಕೊಟ್ಟದ್ದು, ಎಚ್.ಡಿ. ಕುಮಾರಸ್ವಾಮಿಯವರು 23ರಂದು ಅಧಿಕಾರಕ್ಕೆ ಬಂದದ್ದು ಎಲ್ಲರಿಗೂ ನೆನಪಿರುವ ಕಥೆ. ಆ ಇಡೀ ವಾರಕ್ಕೆ ಟಿವಿಯಷ್ಟು ಒಳ್ಳೆಯ ಮಾಧ್ಯಮ ಇನ್ನೊಂದಿರಲಿಲ್ಲ ಎಂಬುದನ್ನೂ ಒಪ್ಪಬೇಕು. ರೆಸಾರ್ಟಿನ ಗೇಟು, ಒಳಗೆ ಹೋಗುವ ಬಸ್ಸು, ಬಸ್ಸಿನ ಕಿಟಕಿಯ ಪರದೆ, ಆ ಪರದೆಯ ಹಿಂದೆ ಯಾರಿದ್ದಾರೆಂಬ ಊಹೆ, ಇವೆಲ್ಲ ಟಿವಿಗೆಂದೇ ಹುಟ್ಟಿದ ವಸ್ತುಗಳು. ಟಿವಿಯ ತೊಂದರೆ ಇರುವುದು ಎಣಿಕೆಯಲ್ಲಿ ಮಾತ್ರ. ಅದು ಮುನ್ನಡೆಯನ್ನು ಗೆಲುವಿನ ಬಣ್ಣದಲ್ಲಿಯೇ ತೋರಿಸುತ್ತದೆ. ಮುನ್ನಡೆ ನೂರು ಮತಗಳದ್ದೋ ನಲವತ್ತು ಸಾವಿರದ್ದೋ, ಹದಿನೆಂಟರಲ್ಲಿ ಎಷ್ಟನೆಯ ಸುತ್ತು ಎಂಬುದನ್ನು ಹೇಳಲು ಅದಕ್ಕೆ ಪುರಸೊತ್ತಿಲ್ಲ. ಜೊತೆಗೆ ಪ್ರತಿ ಅಂಕಿ ಬದಲಾದಾಗಲೂ ಒಂದು ಢಮಾರ್ ಸದ್ದು. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಮಲಗಿದ್ದ ಹಿರಿಯರಿಗೆ ಯಾವ ಪಕ್ಷ ಬಂದರೂ ಸರಿ, ಸದ್ದು ನಿಂತರೆ ಸಾಕು ಎಂಬ ನಿಲುವು ಬಂದಿತ್ತು.

ಹೀಗಾಗಿ 2023ರ ಮೇ 13ರಂದು ಟಿವಿಯ ರಿಮೋಟನ್ನು ಮಕ್ಕಳಿಗೆ ಒಪ್ಪಿಸಿ, ಚುನಾವಣಾ ಆಯೋಗದ ಫಲಿತಾಂಶದ ಜಾಲತಾಣವನ್ನು ತೆರೆದುಕೊಂಡು ಕುಳಿತೆ. ಸರ್ಕಾರಿ ಜಾಲತಾಣಗಳ ಬಗ್ಗೆ ನಮಗೆಲ್ಲ ಇರುವ ಅನುಮಾನಗಳು ನನಗೂ ಇದ್ದವು. ಇದು ಮಾತ್ರ ಸೊಗಸಾಗಿ ಕೆಲಸ ಮಾಡುತ್ತದೆ. ಒಂದು ಪುಟದಲ್ಲಿ ಪಕ್ಷವಾರು ಗೆಲುವು ಮತ್ತು ಮುನ್ನಡೆ ಬೇರೆ ಬೇರೆ ಕಲಂಗಳಲ್ಲಿ ಇರುತ್ತವೆ. ಕ್ಷೇತ್ರದ ಹೆಸರನ್ನು ಒತ್ತಿದರೆ ಪ್ರತಿ ಅಭ್ಯರ್ಥಿಯ ಮತ, ಅಂತರ, ಎಷ್ಟನೆಯ ಸುತ್ತು ಎಂಬ ವಿವರ, ಎಲ್ಲರ ಕೆಳಗೆ ನೋಟಾ, ಅಂದರೆ ಯಾರೂ ಬೇಡವೆಂದವರ ಮತ. ನಿಧಾನ ಅನ್ನುವುದೊಂದೇ ದೂರು. ಟಿವಿಯಲ್ಲಿ ನೂರು ದಾಟಿದ ಪಕ್ಷ ಇಲ್ಲಿ ಇನ್ನೂ ಮೂವತ್ತರಲ್ಲಿ ಇರುತ್ತದೆ, ಏಕೆಂದರೆ ಚುನಾವಣಾಧಿಕಾರಿ ಒಂದು ಸುತ್ತಿನ ಲೆಕ್ಕಕ್ಕೆ ಸಹಿ ಹಾಕಿ ಏರಿಸುವವರೆಗೆ ಅಂಕಿ ಕದಲುವುದಿಲ್ಲ. ಅಲ್ಲದೆ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು (ಮತ ಯಾರಿಗೆ ಬಿತ್ತೆಂದು ಮುದ್ರಿಸಿ ತೋರಿಸುವ ಚೀಟಿಗಳು) ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡಬೇಕಾದ್ದರಿಂದ, ಗೆದ್ದವರು ಹಾರ ಹಾಕಿಸಿಕೊಂಡು ಮೆರವಣಿಗೆ ಹೊರಟ ಎಷ್ಟೋ ಹೊತ್ತಿನ ನಂತರವೂ ಜಾಲತಾಣ ಅವರನ್ನು 'ಮುನ್ನಡೆ'ಯಲ್ಲಿಯೇ ಇಟ್ಟಿರುತ್ತದೆ. ನನಗೆ ಈ ಹಟ ಇಷ್ಟವಾಯಿತು.

ಅಂದು ಬೆಳಿಗ್ಗೆ ಟಿವಿಯ ಚರ್ಚೆಗಳು ಅತಂತ್ರ ವಿಧಾನಸಭೆಯ ಸುತ್ತಲೇ ತಿರುಗುತ್ತಿದ್ದವು. ಮಧ್ಯಾಹ್ನಕ್ಕೆ ಅಂತಹ ಮಾತಿಗೆ ಅರ್ಥವೇ ಉಳಿಯಲಿಲ್ಲ. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಕೂಡಲೇ ಕ್ಯಾಮೆರಾಗಳೆಲ್ಲ ಸಿದ್ದರಾಮಯ್ಯನವರೋ ಡಿ.ಕೆ. ಶಿವಕುಮಾರರೋ ಎಂಬ ಪ್ರಶ್ನೆಯ ಕಡೆಗೆ ತಿರುಗಿದವು. ಆ ಚುನಾವಣೆಯ ನಿಜವಾದ ರೋಮಾಂಚನ ಇದ್ದದ್ದು ಬೇರೆ ಕಡೆ. ಗಾಂಧಿನಗರದಲ್ಲಿ ದಿನೇಶ್ ಗುಂಡೂರಾವ್ ಗೆದ್ದದ್ದು 105 ಮತಗಳಿಂದ. ಜಯನಗರದಲ್ಲಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರು ಮುಂದಿದ್ದಾರೆಂಬ ಸುದ್ದಿ, ಆಮೇಲೆ ಮರುಎಣಿಕೆ, ಎಣಿಕೆ ಕೇಂದ್ರದ ಹೊರಗೆ ಎರಡೂ ಪಕ್ಷಗಳ ಜನ, ಕೊನೆಗೆ ತಡರಾತ್ರಿಯಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿಯವರಿಗೆ 16 ಮತಗಳ ಗೆಲುವು. ಅಂತರದ ಕಲಂ ನೋಡುತ್ತ ಕುಳಿತವರಿಗೆ ಮಾತ್ರ ಈ ಎರಡೂ ಕ್ಷೇತ್ರಗಳು ಸಂಜೆಯಿಂದಲೇ ಕಣ್ಣಿಗೆ ಬಿದ್ದಿದ್ದವು. ಅಂತರ ಎಷ್ಟು ಸಣ್ಣದಾಗಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆಯೇ ಇದೆ: 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಸೋತವರ ಕಾರಿನ ಚಾಲಕನೇ ಮತ ಹಾಕಲಾಗಿರಲಿಲ್ಲ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಆ ಚಾಲಕನ ಮುಂದಿನ ತಿಂಗಳುಗಳು ಹೇಗೆ ಕಳೆದಿರಬಹುದೆಂದು ನಾನು ಆಗಾಗ ಯೋಚಿಸುತ್ತೇನೆ.

ಜಾಲತಾಣದ ಇನ್ನೊಂದು ಆಕರ್ಷಣೆ ಅಲೆದಾಟ. 2024ರ ಜೂನ್ 4ರಂದು ಹೀಗೆಯೇ ಊರೂರು ತಿರುಗುತ್ತ ಮಧ್ಯಪ್ರದೇಶದ ಇಂದೋರಿಗೆ ಹೋದರೆ, ಅಲ್ಲಿ ಎರಡನೆಯ ಸ್ಥಾನದಲ್ಲಿ ನೋಟಾ ನಿಂತಿತ್ತು, 2,18,674 ಮತಗಳೊಂದಿಗೆ. ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರವನ್ನು ಹಿಂದಕ್ಕೆ ಪಡೆದುಕೊಂಡಿದ್ದರ ಪರಿಣಾಮ ಅದು. ಇಂತಹದನ್ನು ತಾನಾಗಿ ಕಂಡುಹಿಡಿದ ಸಂತೋಷ ಟಿವಿಯ ಮುಂದೆ ಕುಳಿತವರಿಗೆ ಸಿಗುವುದಿಲ್ಲ.

ನಡುವೆ ಕುಟುಂಬದ ವಾಟ್ಸ್ಆ್ಯಪ್ ಗುಂಪನ್ನೂ ಒಂದು ಮಾಧ್ಯಮವೆಂದು ಪರಿಗಣಿಸಲು ಪ್ರಯತ್ನಿಸಿದೆ. ಚಿಕ್ಕಪ್ಪನವರು ಬೆಳಿಗ್ಗೆ ಏಳಕ್ಕೇ ಸಂಪುಟದ ಪಟ್ಟಿಯನ್ನು ಖಾತೆಗಳ ಸಮೇತ ಕಳಿಸಿದ್ದರು. ಅಲ್ಲಿಗೆ ಆ ಪ್ರಯೋಗವನ್ನು ಕೈಬಿಟ್ಟೆ.

ಆಕಾಶವಾಣಿಯನ್ನು ಈಗ ಎಣಿಕೆಯ ದಿನ ಯಾರಾದರೂ ಕೇಳುತ್ತಾರೆಯೇ ಎಂಬ ಪ್ರಶ್ನೆ ಸಹಜ. ಮತಪತ್ರಗಳ ಕಾಲದಲ್ಲಿ ಎಣಿಕೆ ದಿನಗಟ್ಟಲೆ ನಡೆಯುತ್ತಿದ್ದಾಗ, ದೂರದರ್ಶನ ಫಲಿತಾಂಶಗಳ ನಡುನಡುವೆ ಸಿನಿಮಾ ತೋರಿಸುತ್ತಿದ್ದ ಆ ದಿನಗಳಲ್ಲಿ, ನಮ್ಮ ಮನೆಯಲ್ಲಿ ಅಧಿಕೃತ ಸುದ್ದಿ ಎಂದರೆ ರೇಡಿಯೊ. ಆ ಸಲಿಗೆಯಿಂದಲೇ 2024ರಲ್ಲಿ ಅಡುಗೆಮನೆಯ ಕಿಟಕಿಯಲ್ಲಿ ರೇಡಿಯೊ ಹಚ್ಚಿಟ್ಟೆವು. ವಾರ್ತೆ ಓದುವವರ ದನಿ ಗೆದ್ದವರಿಗಾಗಿ ಏರಲಿಲ್ಲ, ಸೋತವರಿಗಾಗಿ ಇಳಿಯಲೂ ಇಲ್ಲ. ಅಧಿಕೃತವಾಗಿ ಬಂದ ಅಂಕಿ ಹೇಳಿದರು, ಹವಾಮಾನ ಹೇಳಿದರು, ಮುಗಿಸಿದರು. ಅದರ ಹಿಂದಿನ ಶನಿವಾರ ಸಂಜೆ ಬಂದಿದ್ದ ಮತಗಟ್ಟೆ ಸಮೀಕ್ಷೆಗಳಲ್ಲಿ ಅನೇಕವು ಎನ್‌ಡಿಎಗೆ 350ಕ್ಕಿಂತ ಹೆಚ್ಚು ಸ್ಥಾನಗಳನ್ನು ಕೊಟ್ಟಿದ್ದವು. ಬಂದದ್ದು 293, ಬಿಜೆಪಿಗೆ ಪ್ರತ್ಯೇಕವಾಗಿ 240. ಸ್ಟುಡಿಯೊಗಳಲ್ಲಿ ಈ ವ್ಯತ್ಯಾಸಕ್ಕೆ ವಿವರಣೆ ಕೊಡುತ್ತ ಹಲವರು ಬೆವರುತ್ತಿದ್ದಾಗ, ಸಮೀಕ್ಷೆಯ ಗೊಡವೆಗೆ ಹೋಗದ ವಾರ್ತೆಗೆ ವಿವರಿಸಬೇಕಾದ್ದೇನೂ ಇರಲಿಲ್ಲ. ಮನೆಯ ನೆಮ್ಮದಿ ಎಂಬ ಅಂಶದಲ್ಲಿ ರೇಡಿಯೊಗೆ ಸಾಟಿಯಿಲ್ಲ. ಆದರೆ ನಮ್ಮ ಕ್ಷೇತ್ರದ ಸ್ಥಿತಿ ಏನೆಂದು ತಿಳಿಯಬೇಕಾದರೆ ಮುಂದಿನ ವಾರ್ತೆಯವರೆಗೆ ಕಾಯಬೇಕು, ಆಗಲೂ ನಮ್ಮ ಕ್ಷೇತ್ರದ ಹೆಸರು ಬರುತ್ತದೆಂಬ ಖಾತ್ರಿಯಿಲ್ಲ.

ಆ ಅಸಹನೆಯೇ ನನ್ನನ್ನು ಹನ್ನೊಂದರ ಸುಮಾರಿಗೆ ರಾಜಾಜಿನಗರದ ನಮ್ಮ ದರ್ಶಿನಿಗೆ ಕರೆದೊಯ್ದದ್ದು. ಎಣಿಕೆಯ ದಿನ ಮದ್ಯದಂಗಡಿಗಳು ಮುಚ್ಚಿರುವುದರಿಂದ ಊರಿನ ರಾಜಕೀಯ ಚರ್ಚೆಯೆಲ್ಲ ಬೈಟು ಕಾಫಿಯ ಮೇಲೆಯೇ ನಡೆಯಬೇಕಾಗುತ್ತದೆ, ಹೀಗಾಗಿ ಅದರ ಗುಣಮಟ್ಟ ಎಂದಿಗಿಂತ ಉತ್ತಮವಾಗಿರುತ್ತದೆ. ಗೋಡೆಯ ಟಿವಿಯ ಸದ್ದನ್ನು ಮಾಲೀಕರು ಪೂರ್ತಿ ತೆಗೆದಿದ್ದರು. ಬೆಂಗಳೂರು ಕೇಂದ್ರ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಮನ್ಸೂರ್ ಅಲಿ ಖಾನ್ ಮುಂದಿದ್ದರು, ಪಿ.ಸಿ. ಮೋಹನ್ ಹಿಂದಿದ್ದರು. ನಾನು ಆ ಅಂಕಿಯನ್ನು ನೋಡಿ, ಈ ಸಲ ಬದಲಾವಣೆಯಾಯಿತು ಎಂಬ ಅರ್ಥದ ಮಾತನ್ನೇನೋ ಆಡಿದೆ. ಗಲ್ಲಾದಲ್ಲಿದ್ದವರು ಚಿಲ್ಲರೆ ಎಣಿಸುತ್ತಲೇ, "ಸಾರ್, ಮಹದೇವಪುರ ಇನ್ನೂ ಮುಗ್ದಿಲ್ಲ. ಅಲ್ಲಿ ಬೂತ್ ಜಾಸ್ತಿ. ಸಂಜೆ ತನಕ ತಡೀರಿ" ಎಂದರು.

ಆ ಒಂದು ಮಾತಿನಲ್ಲಿ ಇದ್ದಷ್ಟು ಮಾಹಿತಿ ಆವತ್ತು ನಾನು ನೋಡಿದ ಯಾವ ಪರದೆಯಲ್ಲೂ ಇರಲಿಲ್ಲ. ನಮ್ಮ ರಾಜ್ಯದ ಒಂದು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿರುತ್ತವೆ, ಪ್ರತಿಯೊಂದರ ಎಣಿಕೆಯೂ ಪ್ರತ್ಯೇಕವಾಗಿ ನಡೆಯುತ್ತದೆ. ಮತಗಟ್ಟೆ ಕಡಿಮೆ ಇರುವಲ್ಲಿ ಬೇಗ ಮುಗಿಯುತ್ತದೆ, ಮಹದೇವಪುರದಂತಹ ದೊಡ್ಡ ಕಡೆ ಸುತ್ತುಗಳು ಹೆಚ್ಚು, ಹಾಗಾಗಿ ಕೊನೆಯ ಸುತ್ತುಗಳೆಲ್ಲ ಅಲ್ಲಿಯವೇ. ಗಲ್ಲಾದವರು ಹೇಳಿದಂತೆಯೇ ಸಂಜೆಯ ಹೊತ್ತಿಗೆ ಮಹದೇವಪುರವೊಂದರಲ್ಲೇ ಬಿಜೆಪಿಗೆ ಲಕ್ಷಕ್ಕೂ ಮೀರಿದ ಮುನ್ನಡೆ ಸಿಕ್ಕಿ, ಪಿ.ಸಿ. ಮೋಹನ್ 32,707 ಮತಗಳಿಂದ ಗೆದ್ದರು. (ಅದೇ ಮಹದೇವಪುರದ ಮತದಾರರ ಪಟ್ಟಿಯ ಬಗ್ಗೆ 2025ರಲ್ಲಿ ರಾಹುಲ್ ಗಾಂಧಿಯವರು ಆರೋಪ ಮಾಡಿದ್ದು, ಆಯೋಗ ಅದನ್ನು ಒಪ್ಪದಿದ್ದದ್ದು ಬೇರೆಯೇ ಅಧ್ಯಾಯ, ಆ ವಿಷಯಕ್ಕೂ ದರ್ಶಿನಿಯಲ್ಲಿ ಎರಡು ಪಂಗಡಗಳಿವೆ.)

ಹಾಗೆಂದು ಹೋಟೆಲನ್ನು ಮೊದಲ ಸ್ಥಾನದಲ್ಲಿ ಕೂರಿಸಲು ನಾನು ಸಿದ್ಧನಿಲ್ಲ. ಇದೇ ಗಲ್ಲಾದವರು ಬೆಂಗಳೂರು ಗ್ರಾಮಾಂತರದಲ್ಲಿ ಡಿ.ಕೆ. ಸುರೇಶ್ ಅವರನ್ನು ಅಲುಗಾಡಿಸಲು ಯಾರಿಂದಲೂ ಆಗದೆಂದು ವಾರದಿಂದ ಹೇಳುತ್ತ ಬಂದಿದ್ದರು. ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದ ಮೇಲೆ, ಡಾಕ್ಟರ ಹೆಸರು ಪ್ರಕಟವಾದ ದಿನವೇ ತಮಗೆ ಗೊತ್ತಾಗಿತ್ತು ಎಂದರು. ಹೋಟೆಲಿನ ಜ್ಞಾನಕ್ಕೆ ಗಡಿಯಿದೆ: ತನ್ನ ಕ್ಷೇತ್ರದ ಗಲ್ಲಿಗಳನ್ನು ಅದು ಬೂತಿನ ಲೆಕ್ಕದಲ್ಲಿ ಬಲ್ಲದು, ಪಕ್ಕದ ಕ್ಷೇತ್ರಕ್ಕೆ ಕಾಲಿಟ್ಟ ಕೂಡಲೇ ಅದೂ ಒಂದು ಟಿವಿ ಸ್ಟುಡಿಯೊ. ಮಂಡ್ಯ, ಹಾಸನದ ಕಡೆ ಕುರಿ, ಬೈಕುಗಳನ್ನು ಪಣಕ್ಕಿಡುವ ಉತ್ಸಾಹಿಗಳು ಈ ಗಡಿಯನ್ನು ಗಮನದಲ್ಲಿಟ್ಟುಕೊಂಡರೆ ಕೆಲವು ಕುರಿಗಳಾದರೂ ಮನೆಯಲ್ಲಿ ಉಳಿದಾವು.

ಯಾರಾದರೂ ಕೇಳಿದರೆ ನನ್ನ ಸಲಹೆ ಹೀಗಿರುತ್ತದೆ. ರಕ್ತದೊತ್ತಡ ಇರುವವರಿಗೆ ರೇಡಿಯೊ. ಫಲಿತಾಂಶಕ್ಕಿಂತ ಅದರ ನಂತರದ ನಾಟಕದಲ್ಲಿ ಆಸಕ್ತಿ ಇರುವವರಿಗೆ ಟಿವಿ, ಅದೂ ಮಧ್ಯಾಹ್ನ ಎರಡರ ನಂತರ. ನನಗಂತೂ ಆಯೋಗದ ಜಾಲತಾಣವೇ ಸರಿ, ಅದರಲ್ಲೂ ಅಂತರ ಮತ್ತು ಸುತ್ತಿನ ಕಲಂಗಳು. ನಮ್ಮ ಕ್ಷೇತ್ರದ ಮಟ್ಟಿಗೆ ಮಾತ್ರ ಹೋಟೆಲಿನ ಮಾತಿಗೆ ಅದಕ್ಕಿಂತ ಹೆಚ್ಚಿನ ಬೆಲೆ ಕೊಡುತ್ತೇನೆ. ಮರುದಿನದ ಪತ್ರಿಕೆಯನ್ನು ಈ ಹೋಲಿಕೆಗೆ ಸೇರಿಸಿಲ್ಲ, ಏಕೆಂದರೆ ಅದು ಬರುವಷ್ಟರಲ್ಲಿ ಎಣಿಕೆ ಮುಗಿದಿರುತ್ತದೆ. ಆದರೂ 2023ರಲ್ಲಿ 224 ಕ್ಷೇತ್ರಗಳ ಮತಗಳನ್ನು ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿದ್ದ ಪುಟವನ್ನು ತೆಗೆದಿರಿಸಿದ್ದೇನೆ. 2028ರಲ್ಲಿ ಗಲ್ಲಾದವರು ಹಳೆಯ ಅಂತರಗಳನ್ನು ತಮಗೆ ಬೇಕಾದಂತೆ ನೆನಪಿಸಿಕೊಳ್ಳುವಾಗ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು.