ಸ್ಕ್ರಿಪ್ಟ್‌ನಿಂದ ನೆಟ್‌ವರ್ಕ್ ಲ್ಯಾಬ್ ನಡೆಸೋಕೆ ಯಾವುದು ಒಳ್ಳೇದು: ಜಿಎನ್ಎಸ್3, ಸಿಎಂಎಲ್, ಈವ್-ಎನ್‌ಜಿ, ಮಿನಿನೆಟ್

ನೆಟ್‌ವರ್ಕ್ ಎಮ್ಯುಲೇಟರ್‌ನಲ್ಲಿ, ಅಂದರೆ ರೂಟರ್, ಕೇಬಲ್‌ಗಳನ್ನೆಲ್ಲ ಕಂಪ್ಯೂಟರ್ ಒಳಗೇ ಅನುಕರಿಸುವ ಸಾಫ್ಟ್‌ವೇರ್‌ನಲ್ಲಿ, ಮೌಸ್ ಹಿಡಿದು ರೂಟರ್ ಎಳೆದು ಹಾಕಿ, ಕೇಬಲ್ ಜೋಡಿಸೋದು ಮೊದಮೊದಲು ಮಜವಾಗಿಯೇ ಇರುತ್ತದೆ. ಅದೇ ಟೊಪಾಲಜಿಯನ್ನು (ಜೋಡಣೆಯ ನಕ್ಷೆಯನ್ನು) ಪ್ರತಿ ಸಲ ಹೊಸದಾಗಿ ಕಟ್ಟಿ, ಪರೀಕ್ಷೆ ಓಡಿಸಿ, ಆಮೇಲೆ ಕೆಡವಬೇಕು ಅಂದಾಗ ಬೇಜಾರು ಶುರುವಾಗುತ್ತದೆ. ಆಗ ಎಪಿಐ, ಅಂದರೆ ಸ್ಕ್ರಿಪ್ಟ್‌ನಿಂದಲೇ ಆಜ್ಞೆ ಕೊಡುವ ದಾರಿ, ನೆನಪಾಗುತ್ತದೆ. ಈಗ ಹೆಚ್ಚುಕಡಿಮೆ ಎಲ್ಲ ಎಮ್ಯುಲೇಟರ್‌ಗಳಿಗೂ ಎಪಿಐ ಇದೆ. ಆದರೆ ಇದೆ ಅನ್ನೋದು ಬೇರೆ, ಅದನ್ನು ನಂಬಿ ರಾತ್ರಿ ಸ್ಕ್ರಿಪ್ಟ್ ಓಡಲು ಬಿಟ್ಟು ಮಲಗಬಹುದು ಅನ್ನೋದು ಬೇರೆ.

ಹೋಲಿಸೋಕೆ ಎಲ್ಲದರಲ್ಲೂ ಒಂದೇ ಕೆಲಸ ಮಾಡಿಸಿದೆ. ತ್ರಿಕೋನದಲ್ಲಿ ಮೂರು ರೂಟರ್, ಎರಡು ಮೂಲೆಗೆ ಒಂದೊಂದು ಹೋಸ್ಟ್. ರೂಟರ್‌ಗಳ ನಡುವೆ ಒಎಸ್‌ಪಿಎಫ್, ಅಂದರೆ ರೂಟರ್‌ಗಳು ತಾವೇ ದಾರಿ ಕಂಡುಕೊಳ್ಳುವ ಪ್ರೋಟೋಕಾಲ್. ಒಂದು ಲಿಂಕ್‌ಗೆ 50 ಮಿಲಿಸೆಕೆಂಡ್ ವಿಳಂಬ, ಶೇ 1 ಪ್ಯಾಕೆಟ್ ನಷ್ಟ. ಪಿಂಗ್ ಓಡುತ್ತಿರುವಾಗಲೇ ಆ ಲಿಂಕ್ ಕಡಿಯಬೇಕು, ಟ್ರಾಫಿಕ್ ಎಷ್ಟು ಹೊತ್ತಲ್ಲಿ ಇನ್ನೊಂದು ದಾರಿ ಹಿಡಿಯುತ್ತದೆ ಅಂತ ನೋಡಬೇಕು. ಕೊನೆಗೆ ಎಲ್ಲ ಅಳಿಸಬೇಕು. ಮಧ್ಯೆ ಎಲ್ಲೂ ಮನುಷ್ಯ ಕೈ ಹಾಕಬಾರದು. ಇಷ್ಟೇ ಷರತ್ತು.

ಮೊದಲು ಜಿಎನ್ಎಸ್3. ಇದರ ಸರ್ವರ್ 3080ನೇ ಪೋರ್ಟ್‌ನಲ್ಲಿ ಕೂತಿರುತ್ತದೆ. ನಾವು ನೋಡುವ ಡೆಸ್ಕ್‌ಟಾಪ್ ಕಿಟಕಿ ಕೂಡ ಇದೇ ರೆಸ್ಟ್ (ವೆಬ್ ವಿಳಾಸಗಳ ಮೂಲಕ ನಡೆಯುವ) ಎಪಿಐಗೆ ಕರೆ ಮಾಡುವ ಇನ್ನೊಂದು ಗಿರಾಕಿ, ಅಷ್ಟೆ. ಹಾಗಾಗಿ ಮೌಸ್‌ನಲ್ಲಿ ಆಗೋದು ಬಹುತೇಕ ಎಲ್ಲವೂ ಸ್ಕ್ರಿಪ್ಟ್‌ನಲ್ಲೂ ಆಗುತ್ತದೆ. ಪ್ರಾಜೆಕ್ಟ್ ಸೃಷ್ಟಿಸಿದರೆ ಒಂದು ಯುಯುಐಡಿ (ಅದಕ್ಕೇ ಮೀಸಲಾದ ಗುರುತು) ಸಿಗುತ್ತದೆ. ಟೆಂಪ್ಲೇಟ್ ಪಟ್ಟಿ ತರಿಸಿ, ಬೇಕಾದ ರೂಟರ್‌ನ ಗುರುತು ಹುಡುಕಿ, ಎಕ್ಸ್ ಮತ್ತು ವೈ (ನಕ್ಷೆಯಲ್ಲಿನ ಜಾಗ) ಕೊಟ್ಟು ನೋಡ್ (ಒಂದೊಂದು ಸಾಧನ) ಇಳಿಸಬೇಕು. ಆಮೇಲೆ ಲಿಂಕ್. ಹೊಸಬರು ತಡವರಿಸುವ ಜಾಗ ಇದು.

ಯಾಕಂದ್ರೆ ಲಿಂಕ್ ಹಾಕುವಾಗ ಇಂಟರ್‌ಫೇಸ್ ಹೆಸರು ಕೊಡುವ ಹಾಗಿಲ್ಲ. ಅಡಾಪ್ಟರ್ ನಂಬರ್, ಪೋರ್ಟ್ ನಂಬರ್ ಅಂತ ಎರಡು ಅಂಕಿ ಕೊಡಬೇಕು. ಕ್ಯೂಎಂಯು (ವರ್ಚುವಲ್ ಯಂತ್ರ ಓಡಿಸುವ ಸಾಫ್ಟ್‌ವೇರ್) ಮೇಲೆ ಓಡುವ ರೂಟರ್‌ನಲ್ಲಿ ಗಿಗಾಬಿಟ್ 0/2 ಅಂದರೆ ಅಡಾಪ್ಟರ್ 2, ಪೋರ್ಟ್ 0. ಐಒಯು ಇಮೇಜ್‌ನಲ್ಲಿ (ಸಿಸ್ಕೋ ರೂಟರ್ ಸಾಫ್ಟ್‌ವೇರ್‌ನ ಇನ್ನೊಂದು ಬಗೆಯ ಫೈಲ್) ಒಂದು ಅಡಾಪ್ಟರ್‌ಗೆ ನಾಲ್ಕು ಪೋರ್ಟ್, ಹಾಗಾಗಿ ಈಥರ್‌ನೆಟ್ 1/2 ಅಂದರೆ ಅಡಾಪ್ಟರ್ 1, ಪೋರ್ಟ್ 2. ಇದನ್ನು ಬಾಯಿಪಾಠ ಮಾಡೋಕೆ ಹೋಗಬೇಡಿ. ನೋಡ್ ಇಳಿಸಿದಾಗ ವಾಪಸ್ ಬರುವ ಜೆಸಾನ್ ರೂಪದ ಉತ್ತರದಲ್ಲೇ ಪೋರ್ಟ್‌ಗಳ ಪಟ್ಟಿ ಇರುತ್ತದೆ. ಪ್ರತಿಯೊಂದಕ್ಕೂ ಹೆಸರು, ಅಡಾಪ್ಟರ್, ಪೋರ್ಟ್ ಮೂರೂ ಇರುತ್ತವೆ. ಹೆಸರು ಕೊಟ್ಟರೆ ಅಂಕಿ ಹುಡುಕಿ ಕೊಡುವ ಏಳೆಂಟು ಸಾಲಿನ ಫಂಕ್ಷನ್ ಬರೆದುಕೊಂಡರೆ ಮುಗೀತು, ಇಮೇಜ್ ಬದಲಾದರೂ ಸ್ಕ್ರಿಪ್ಟ್ ಮುರಿಯಲ್ಲ.

ಇಲ್ಲಿಯವರೆಗೆ ಚೆನ್ನಾಗಿದೆ ಅಲ್ವಾ? ಈಗ ಎಲ್ಲ ನೋಡ್ ಸ್ಟಾರ್ಟ್ ಮಾಡಿ, ಸ್ಥಿತಿ ಕೇಳಿ. ತಕ್ಷಣ 'ಸ್ಟಾರ್ಟೆಡ್' ಅನ್ನುತ್ತದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ಸತ್ಯವೂ ಅಲ್ಲ. ಕ್ಯೂಎಂಯು ಪ್ರೋಸೆಸ್ ಓಡುತ್ತಿದೆ ಅಂತ ಅದರ ಅರ್ಥ. ಒಳಗಿನ ರೂಟರ್ ಇನ್ನೂ ತನ್ನ ಇಮೇಜ್ ಬಿಚ್ಚಿಕೊಳ್ಳುತ್ತಾ ಇರುತ್ತದೆ, ಎದ್ದು ಕೂರೋಕೆ ನಿಮಿಷಗಳೇ ಬೇಕು. ವೆಬ್‌ಸಾಕೆಟ್‌ನಲ್ಲಿ ಬರುವ ಸೂಚನೆಗಳನ್ನು ಕೇಳುತ್ತಾ ಕೂತರೂ ಇದಕ್ಕಿಂತ ಜಾಸ್ತಿ ಏನೂ ಗೊತ್ತಾಗಲ್ಲ. ಎಪಿಐ ಕೊಡುವ ಕನ್ಸೋಲ್ ಪೋರ್ಟ್‌ಗೆ ಟೆಲ್ನೆಟ್ ಮಾಡಿ (ಪಠ್ಯ ರೂಪದಲ್ಲಿ ಸಂಪರ್ಕಿಸಿ), ಎಂಟರ್ ಒತ್ತುತ್ತಾ, ಪ್ರಾಂಪ್ಟ್ ಬರುವವರೆಗೆ ಕಾಯುವ ಕೆಲಸ ನಮ್ಮದೇ. ಆರಂಭಿಕ ಕಾನ್ಫಿಗರೇಷನ್ ಸಂವಾದ ಬೇಕಾ ಅಂತ ರೂಟರ್ ಕೇಳುವ ಪ್ರಶ್ನೆಗೆ ಬೇಡ ಅಂತ ಉತ್ತರಿಸೋದು ಕೂಡ. ಪೈಥಾನ್‌ನ ಹಳೆಯ ಟೆಲ್ನೆಟ್ ಮಾಡ್ಯೂಲ್ ಅನ್ನು 3.13ರಲ್ಲಿ ತೆಗೆದುಹಾಕಿದ್ದಾರೆ, ಹಾಗಾಗಿ ಹಳೇ ಉದಾಹರಣೆಗಳನ್ನು ನಕಲು ಮಾಡಿದರೆ ಮೊದಲ ಸಾಲಲ್ಲೇ ನಿಂತುಬಿಡುತ್ತದೆ. ಬದಲಿಗೆ ನಾನು ಪಿಎಕ್ಸ್‌ಪೆಕ್ಟ್ ಅನ್ನುವ ಪೈಥಾನ್ ಲೈಬ್ರರಿ ಬಳಸುತ್ತೇನೆ.

ಸ್ಲೀಪ್ 180 ಅಂತ ಬರೆದು ಮುಂದೆ ಹೋಗುವವರೂ ಇದ್ದಾರೆ. ಸರ್ವರ್ ಮೇಲೆ ಬೇರೆ ಯಾರದೋ ಲ್ಯಾಬ್ ಓಡುತ್ತಿದ್ದ ದಿನ ಆ 180 ಸೆಕೆಂಡ್ ಸಾಲಲ್ಲ. ಖಾಲಿ ಇದ್ದ ದಿನ ಸುಮ್ನೆ ಕಾಯೋದು.

ಸಿಎಂಎಲ್, ಅಂದರೆ ಸಿಸ್ಕೋ ಮಾಡೆಲಿಂಗ್ ಲ್ಯಾಬ್ಸ್, ಗೆಲ್ಲೋದು ಸರಿಯಾಗಿ ಈ ಜಾಗದಲ್ಲಿ. ಇದರಲ್ಲಿ ಸ್ಟಾರ್ಟೆಡ್ ಬೇರೆ, ಬೂಟೆಡ್ ಬೇರೆ. ಪ್ರತಿ ಬಗೆಯ ನೋಡ್‌ನ ವಿವರಣೆಯಲ್ಲೇ, ಕನ್ಸೋಲ್‌ನಲ್ಲಿ ಯಾವ ಸಾಲು ಬಂದರೆ ಬೂಟ್ ಮುಗಿದ ಹಾಗೆ ಅಂತ ಬರೆದಿರುತ್ತದೆ. ಸರ್ವರ್ ತಾನೇ ಕನ್ಸೋಲ್ ನೋಡುತ್ತಾ ಕೂತು, ಆ ಸಾಲು ಕಂಡ ಮೇಲಷ್ಟೇ ಬೂಟೆಡ್ ಅನ್ನುತ್ತದೆ. ಇದಕ್ಕೊಂದು ಅಧಿಕೃತ ಪೈಥಾನ್ ಲೈಬ್ರರಿ ಇದೆ, ವಿಐಆರ್‌ಎಲ್2 ಕ್ಲೈಂಟ್. ಅದರಲ್ಲಿ ಲ್ಯಾಬ್ ಸ್ಟಾರ್ಟ್ ಮಾಡಿದರೆ ಎಲ್ಲ ನೋಡ್ ಎದ್ದ ಮೇಲೇ ಕರೆ ವಾಪಸ್ ಬರುತ್ತದೆ. ಜಿಎನ್ಎಸ್3ಕ್ಕೆ ನಾನು ಬರೆದ ಕಾಯುವ ಕೋಡ್ ಅಷ್ಟೂ ಇಲ್ಲಿ ಒಂದು ಸಾಲಾಯಿತು.

ಕಾನ್ಫಿಗ್ ವಿಷಯದಲ್ಲೂ ಅದೇ ಸುಖ. ಒಎಸ್‌ಪಿಎಫ್ ಸಮೇತ ಪೂರ್ತಿ ಕಾನ್ಫಿಗ್ ಅನ್ನು ನೋಡ್ ಏಳುವ ಮೊದಲೇ ಪಠ್ಯವಾಗಿ ಕೊಟ್ಟುಬಿಡಬಹುದು. ಲಿಂಕ್‌ಗೆ ವಿಳಂಬ, ಜಿಟರ್ (ವಿಳಂಬದ ಏರಿಳಿತ), ನಷ್ಟ, ಬ್ಯಾಂಡ್‌ವಿಡ್ತ್ ನಾಲ್ಕನ್ನೂ ಒಂದೇ ಕರೆಯಲ್ಲಿ ಹಾಕಬಹುದು. ರೂಟರ್ ಒಳಗೆ ಕಮಾಂಡ್ ಓಡಿಸೋಕೆ ಪೈಎಟಿಎಸ್ ಅನ್ನುವ ಸಿಸ್ಕೋದ ಪರೀಕ್ಷಾ ಸಾಧನದ ಜೊತೆ ನಂಟು ಇದೆ, ನೋಡ್ ಹೆಸರು ಮತ್ತು ಕಮಾಂಡ್ ಕೊಟ್ಟರೆ ಉತ್ತರ ಬರುತ್ತದೆ. ದಾಖಲೆ ಕೂಡ ಸರ್ವರ್ ಒಳಗೇ ಇದೆ, ಬ್ರೌಸರ್‌ನಲ್ಲೇ ಕರೆ ಮಾಡಿ ನೋಡಬಹುದು.

ಕಿರಿಕಿರಿ ಇಲ್ಲ ಅಂತಲ್ಲ. ಲೈಬ್ರರಿಯ ಆವೃತ್ತಿ ಸರ್ವರ್‌ನ ಆವೃತ್ತಿಗೆ ಹೊಂದಬೇಕು, ಸುಮ್ನೆ ಹೊಸದನ್ನು ಇನ್‌ಸ್ಟಾಲ್ ಮಾಡಿಕೊಂಡರೆ ಕೂಡಲ್ಲ. ಸ್ಕ್ರಿಪ್ಟ್ ಓಡುವ ಕಡೆ ಆವೃತ್ತಿಯನ್ನು ಗಟ್ಟಿಯಾಗಿ ಬರೆದಿಡಿ. ಲೈಸೆನ್ಸ್ ಮಿತಿಯೂ ಇದೆ. ಉಚಿತ ಆವೃತ್ತಿಯಲ್ಲಿ 5 ನೋಡ್ ಮಾತ್ರ. ನನ್ನ ತ್ರಿಕೋನಕ್ಕೆ ಮೂರು ರೂಟರ್, ಎರಡು ಹೋಸ್ಟ್, ಸರಿಯಾಗಿ ಐದು. ಇನ್ನೊಂದು ರೂಟರ್ ಸೇರಿಸೋಣ ಅಂದರೆ ಬಾಗಿಲು ಮುಚ್ಚಿದೆ.

ಇನ್ನೊಂದು ಮಾತು. ಬೂಟೆಡ್ ಅಂದರೆ ಒಎಸ್‌ಪಿಎಫ್ ನೆರೆಹೊರೆ ಕೂಡಿತು ಅಂತಲ್ಲ. ಈಥರ್‌ನೆಟ್ ಮೇಲೆ ಒಎಸ್‌ಪಿಎಫ್ ಡಿಆರ್ (ಆ ಲಿಂಕ್‌ನ ಮುಖ್ಯ ರೂಟರ್) ಆಯ್ಕೆಗೆ ಮೊದಲು 40 ಸೆಕೆಂಡ್ ಕಾಯುತ್ತದೆ. ಇಂಟರ್‌ಫೇಸ್ ಅನ್ನು ಪಾಯಿಂಟ್-ಟು-ಪಾಯಿಂಟ್ ಅಂತ ಘೋಷಿಸಿದರೆ ಆ ಕಾಯುವಿಕೆ ತಪ್ಪುತ್ತದೆ. ಎಪಿಐ ಎಷ್ಟೇ ಚೆನ್ನಾಗಿರಲಿ, ನೆರೆಯ ರೂಟರ್ 'ಫುಲ್' (ಮಾಹಿತಿ ವಿನಿಮಯ ಪೂರ್ತಿಯಾದ) ಸ್ಥಿತಿಗೆ ಬಂತಾ ಅಂತ ನೀವೇ ಕೇಳಿ ನೋಡಬೇಕು.

ಲಿಂಕ್ ಕಡಿಯುವ ಭಾಗದಲ್ಲಿ ಜಿಎನ್ಎಸ್3 ಮತ್ತೆ ಕುತೂಹಲ ಹುಟ್ಟಿಸಿತು. ಲಿಂಕ್ ಅನ್ನು ಸಸ್ಪೆಂಡ್ ಮಾಡಿದರೆ ಒಳಗೆ ಆಗೋದು ಏನು ಗೊತ್ತಾ? ಎಲ್ಲ ಪ್ಯಾಕೆಟ್ ಬೀಳಿಸುವ ಒಂದು ಫಿಲ್ಟರ್ ಕೂರುತ್ತದೆ. ತಂತಿ ಕಿತ್ತಂತೆ ರೂಟರ್‌ಗೆ ಕಾಣಲ್ಲ, ಇಂಟರ್‌ಫೇಸ್ ಅಪ್ ಅಂತಲೇ ತೋರಿಸುತ್ತದೆ. ಆಗ ಒಎಸ್‌ಪಿಎಫ್ ತನ್ನ ಡೆಡ್ ಟೈಮರ್ (ನೆರೆಯ ರೂಟರ್‌ನಿಂದ ಸದ್ದಿಲ್ಲದಿದ್ದರೆ ಅದು ಸತ್ತಿದೆ ಅನ್ನುವ ಗಡುವು) ಮುಗಿಯುವವರೆಗೆ, ಅಂದರೆ ಡೀಫಾಲ್ಟ್‌ನಲ್ಲಿ 40 ಸೆಕೆಂಡ್‌ವರೆಗೆ, ಸತ್ತ ದಾರಿಗೇ ಪ್ಯಾಕೆಟ್ ಸುರಿಯುತ್ತದೆ. ಕ್ಯೂಎಂಯು ನೋಡ್‌ಗಳಿಗೆ ಮಾತ್ರ ಸಂಪರ್ಕದ ಸ್ಥಿತಿಯನ್ನು ಒಳಗೂ ತೋರಿಸು ಅನ್ನುವ ಒಂದು ಪ್ರಾಪರ್ಟಿ ಇದೆ. ಅದು ಆನ್ ಇದ್ದರೆ ಇಂಟರ್‌ಫೇಸ್ ನಿಜಕ್ಕೂ ಡೌನ್ ಆಗುತ್ತದೆ, ಹೊಸ ದಾರಿ ಬೇಗ ಸಿಗುತ್ತದೆ. ಒಂದೇ ಕರೆ, ಒಂದೇ ಟೊಪಾಲಜಿ, ಫಲಿತಾಂಶ ಮಾತ್ರ ಅಜಗಜಾಂತರ. ಎರಡೂ ಉಪಯುಕ್ತ: ನಡುವಿನ ಸ್ವಿಚ್ ಸತ್ತ ಸನ್ನಿವೇಶಕ್ಕೆ ಮೊದಲನೆಯದು, ತಂತಿ ತುಂಡಾದ ಸನ್ನಿವೇಶಕ್ಕೆ ಎರಡನೆಯದು. ಆದರೆ ಯಾವುದನ್ನು ಅಳೆಯುತ್ತಿದ್ದೇವೆ ಅಂತ ಗೊತ್ತಿರಬೇಕು.

ಜಿಎನ್ಎಸ್3 ಪರವಾಗಿ ಹೇಳಲೇಬೇಕಾದ್ದು ಪ್ಯಾಕೆಟ್ ಕ್ಯಾಪ್ಚರ್. ಯಾವುದೇ ಲಿಂಕ್ ಮೇಲೆ ಎಪಿಐನಿಂದಲೇ ಕ್ಯಾಪ್ಚರ್ ಶುರು ಮಾಡಿ, ಪಿಕ್ಯಾಪ್ (ಹಿಡಿದ ಪ್ಯಾಕೆಟ್‌ಗಳ ದಾಖಲೆ) ಅನ್ನು ಹರಿಯುತ್ತಿರುವಾಗಲೇ ಎಳೆದುಕೊಳ್ಳಬಹುದು. ಪರೀಕ್ಷೆ ಬಿದ್ದಾಗ ಕಾರಣ ಹುಡುಕೋಕೆ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ. ಆವೃತ್ತಿ 2ರಿಂದ 3ಕ್ಕೆ ಹೋಗುವಾಗ ಮಾತ್ರ ಎಚ್ಚರ. ಕ್ಯಾಪ್ಚರ್ ಸೇರಿ ಕೆಲವು ಎಪಿಐ ವಿಳಾಸಗಳು ಬದಲಾಗಿವೆ, ಲಾಗಿನ್ ಮಾಡಿ ಟೋಕನ್ ಪಡೆಯುವುದೂ ಸೇರಿಕೊಂಡಿದೆ.

ಈವ್-ಎನ್‌ಜಿ ಬಗ್ಗೆ ಉದ್ದಕ್ಕೆ ಬರೆಯೋಕೆ ನನಗೆ ಮನಸ್ಸಿಲ್ಲ. ಎಪಿಐ ಇದೆ, ಕೆಲಸವೂ ಆಗುತ್ತದೆ. ಲಾಗಿನ್ ಮಾಡಿ ಕುಕಿ ಹಿಡಿದುಕೊಳ್ಳಬೇಕು. ಲ್ಯಾಬ್‌ನ ಗುರುತು ಅಂದರೆ ಅದರ ಫೈಲಿನ ದಾರಿ, ಹಾಗಾಗಿ ಯಾರಾದರೂ ಫೋಲ್ಡರ್ ಬದಲಿಸಿದರೆ ವಿಳಾಸವೇ ಬದಲಾಯಿತು. ಎರಡು ನೋಡ್ ನೇರ ಜೋಡಿಸುವಂತಿಲ್ಲ: ನಡುವೆ ಒಂದು ನೆಟ್‌ವರ್ಕ್ ಸೃಷ್ಟಿಸಿ, ಎರಡೂ ಇಂಟರ್‌ಫೇಸ್‌ಗಳನ್ನು ಅದಕ್ಕೆ ಸಿಕ್ಕಿಸಬೇಕು. ಇನ್ನು ನೋಡ್ ಸ್ಟಾರ್ಟ್ ಮಾಡೋದು ಗೆಟ್ ಕರೆಯಿಂದ! ಓದೋಕೆ ಮಾತ್ರ ಇರಬೇಕಾದ ಕರೆ ರೂಟರ್ ಎಬ್ಬಿಸುತ್ತದೆ ಅಂದರೆ, ವಿಫಲವಾದರೆ ಮತ್ತೆ ಪ್ರಯತ್ನಿಸುವ ಲೈಬ್ರರಿಗಳನ್ನು ಇದರ ಮುಂದೆ ಕಣ್ಣುಮುಚ್ಚಿ ಬಿಡೋಕಾಗಲ್ಲ. ನಿಮ್ಮ ತಂಡದ ಲ್ಯಾಬ್‌ಗಳೆಲ್ಲ ಆಗಲೇ ಅದರಲ್ಲಿದ್ದರೆ ಬಳಸಿ. ಎಪಿಐಗೋಸ್ಕರ ಹೊಸದಾಗಿ ಅದನ್ನು ಆರಿಸಿಕೊಳ್ಳೋಕೆ ನನಗೆ ಕಾರಣ ಕಾಣಲಿಲ್ಲ.

ಮಿನಿನೆಟ್ ಬೇರೆಯೇ ಜಾತಿ. 2010ರಲ್ಲಿ ಸಂಶೋಧನೆಗೆ ಅಂತ ಹುಟ್ಟಿದ್ದು. ಇಲ್ಲಿ ಸರ್ವರ್ ಇಲ್ಲ, ಟೋಕನ್ ಇಲ್ಲ. ನಿಮ್ಮ ಪೈಥಾನ್ ಪ್ರೋಗ್ರಾಂನೇ ಎಮ್ಯುಲೇಟರ್. ಹೋಸ್ಟ್ ಅಂದರೆ ಲಿನಕ್ಸ್ ನೆಟ್‌ವರ್ಕ್ ನೇಮ್‌ಸ್ಪೇಸ್ (ಪ್ರತ್ಯೇಕಿಸಿದ ನೆಟ್‌ವರ್ಕ್ ಕೋಣೆ) ಒಳಗಿನ ಒಂದು ಶೆಲ್. ಬೂಟ್ ಆಗೋದೇ ಇಲ್ಲ, ಹಾಗಾಗಿ ಕಾಯೋದೂ ಇಲ್ಲ. ಸಿಎಂಡಿ ಅನ್ನುವ ಮೆಥಡ್‌ಗೆ ಕಮಾಂಡ್ ಕೊಟ್ಟರೆ ಉತ್ತರ ಸ್ಟ್ರಿಂಗ್ ಆಗಿ ಕೈಗೆ ಬರುತ್ತದೆ. ಉಳಿದವು ರೂಟರ್ ಎಬ್ಬಿಸುವಷ್ಟರಲ್ಲಿ ಇದು ಕಟ್ಟಿ, ಅಳೆದು, ಕೆಡವಿ ಮುಗಿಸಿರುತ್ತದೆ. ನಿಜವಾದ ರೂಟರ್ ಓಎಸ್ ಮಾತ್ರ ಸಿಗಲ್ಲ. ಒಎಸ್‌ಪಿಎಫ್ ಬೇಕಾದರೆ ಎಫ್‌ಆರ್‌ಆರ್ ಅನ್ನುವ ರೂಟಿಂಗ್ ಸಾಫ್ಟ್‌ವೇರ್ ಓಡಿಸಬೇಕು. ಎಲ್ಲ ಹೋಸ್ಟ್‌ಗಳಿಗೂ ಫೈಲ್‌ಸಿಸ್ಟಮ್ ಒಂದೇ ಆದ್ದರಿಂದ ಮೂರು ಎಫ್‌ಆರ್‌ಆರ್‌ಗಳು ಒಂದೇ ಸಾಕೆಟ್ ಫೈಲಿಗೆ ಕಿತ್ತಾಡುತ್ತವೆ, ಹೋಸ್ಟ್‌ಗೆ ಖಾಸಗಿ ಡೈರೆಕ್ಟರಿ ಕೊಡುವ ಆಯ್ಕೆ ಹಾಕಿದರೆ ಜಗಳ ತೀರುತ್ತದೆ.

ವಿಳಂಬದ ಲೆಕ್ಕದಲ್ಲಿ ಇಲ್ಲೊಂದು ತಿರುವು ಇದೆ. ಲಿಂಕ್‌ಗೆ 50 ಮಿಲಿಸೆಕೆಂಡ್ ಅಂತ ಕೊಟ್ಟರೆ ಮಿನಿನೆಟ್ ಅದನ್ನು ಎರಡೂ ತುದಿಯ ಇಂಟರ್‌ಫೇಸ್‌ಗೆ ಹಾಕುತ್ತದೆ. ಕೆಳಗೆ ಕೆಲಸ ಮಾಡುವ ಲಿನಕ್ಸ್‌ನ ನೆಟ್‌ಎಮ್ ಹೊರಹೋಗುವ ಪ್ಯಾಕೆಟ್‌ಗಳನ್ನು ತಡೆಹಿಡಿಯುತ್ತದೆ. ಹೋಗುವಾಗ 50, ಬರುವಾಗ 50, ಪಿಂಗ್ ತೋರಿಸೋದು 100. ನಷ್ಟವೂ ಹಾಗೇ, ಎರಡೂ ದಿಕ್ಕಲ್ಲಿ ಶೇ 1 ಅಂದರೆ ಪಿಂಗ್‌ನಲ್ಲಿ ಹತ್ತಿರ ಹತ್ತಿರ ಶೇ 2. ಜೊತೆಗೆ ನೆಟ್‌ಎಮ್‌ನ ಸಾಲು (ಕ್ಯೂ) ಡೀಫಾಲ್ಟ್ ಆಗಿ 1000 ಪ್ಯಾಕೆಟ್ ಮಾತ್ರ ಹಿಡಿಯುತ್ತದೆ. ವೇಗ ಜಾಸ್ತಿ, ವಿಳಂಬವೂ ಜಾಸ್ತಿ ಇದ್ದರೆ ಸಾಲು ತುಂಬಿ, ನೀವು ಕೇಳದ ನಷ್ಟ ಶುರುವಾಗುತ್ತದೆ. ಹಾಗಾಗಿ ಯಾವ ಎಮ್ಯುಲೇಟರ್ ಆದರೂ ಪರೀಕ್ಷೆಗೆ ಮೊದಲು ಬರೀ ಪಿಂಗ್ ಹಾಕಿ, ಕೇಳಿದ್ದೇ ಸಿಕ್ಕಿದೆಯಾ ಅಂತ ನೋಡುವ ಹೆಜ್ಜೆಯನ್ನು ಸ್ಕ್ರಿಪ್ಟ್‌ಗೇ ಸೇರಿಸಿಬಿಟ್ಟಿದ್ದೇನೆ.

ಕಂಟೈನರ್‌ಗಳಿಂದ ಲ್ಯಾಬ್ ಕಟ್ಟುವ ಇನ್ನೊಂದು ಸಾಧನ ಕಂಟೈನರ್‌ಲ್ಯಾಬ್ ಈ ಸಾಲಲ್ಲಿ ಪೂರ್ತಿ ಕೂರಲ್ಲ. ಅಲ್ಲಿ ಕರೆಗಳ ಸರಣಿ ಬದಲು ಟೊಪಾಲಜಿಯನ್ನು ಪಠ್ಯವಾಗಿ ವಿವರಿಸುವ ಒಂದು ಯಾಮಲ್ ಫೈಲ್ ಬರೆದು ಡಿಪ್ಲಾಯ್ ಅನ್ನಬೇಕು. ಟೊಪಾಲಜಿ ಗಿಟ್‌ನಲ್ಲಿ ಇರಬೇಕು, ಇಮೇಜ್‌ಗಳು ಕಂಟೈನರ್ ರೂಪದಲ್ಲಿ ಸಿಗುತ್ತವೆ ಅಂದರೆ ಮೊದಲು ಅದನ್ನೇ ನೋಡಿ.

ಈಗ ನನ್ನ ಬಳಕೆ ಹೀಗಿದೆ. ನಿಜವಾದ ರೂಟರ್ ಕಾನ್ಫಿಗ್ ಅನ್ನು ತಾನಾಗೇ ಪರೀಕ್ಷಿಸಬೇಕಾದರೆ ಸಿಎಂಎಲ್. ಬೇರೆ ಬೇರೆ ಕಂಪನಿಗಳ ಇಮೇಜ್ ಬೆರೆಸಬೇಕು, ಪ್ಯಾಕೆಟ್ ಬಿಚ್ಚಿ ನೋಡಬೇಕು ಅಂದರೆ ಜಿಎನ್ಎಸ್3, ಕಾಯುವ ಕೋಡ್ ನಾನೇ ಬರೆದಿಟ್ಟುಕೊಂಡು. ಟಿಸಿಪಿ ನಡವಳಿಕೆ, ಎಸ್‌ಡಿಎನ್ (ಸಾಫ್ಟ್‌ವೇರ್‌ನಿಂದ ನೆಟ್‌ವರ್ಕ್ ನಿಯಂತ್ರಿಸುವ ವಿಧಾನ) ಕಂಟ್ರೋಲರ್ ಇಂಥವಕ್ಕೆ ಕಣ್ಣುಮುಚ್ಚಿ ಮಿನಿನೆಟ್.

ಉಳಿದದ್ದು ಕೆಡವುವ ಕೆಲಸ. ಇದನ್ನು ಯಾರೂ ಗಂಭೀರವಾಗಿ ತಗೊಳ್ಳಲ್ಲ, ಆದರೆ ಸ್ಕ್ರಿಪ್ಟ್ ಮಧ್ಯದಲ್ಲಿ ಸತ್ತಾಗ ಒದ್ದಾಡೋದು ಇಲ್ಲೇ. ಸಿಎಂಎಲ್‌ನಲ್ಲಿ ನಿಲ್ಲಿಸು, ವೈಪ್ ಮಾಡು, ಅಳಿಸು ಅಂತ ಕ್ರಮ ತಪ್ಪದೆ ಹೋಗಬೇಕು, ಓಡುತ್ತಿರುವ ಲ್ಯಾಬನ್ನು ನೇರ ಅಳಿಸೋಕೆ ಬಿಡಲ್ಲ. ಜಿಎನ್ಎಸ್3ರಲ್ಲಿ ಹಳೇ ಪ್ರಾಜೆಕ್ಟ್ ಉಳಿದಿದ್ದರೆ ಅದೇ ಹೆಸರಿನ ಹೊಸದು ಹುಟ್ಟಲ್ಲ, 409 (ಹೆಸರಿನ ಘರ್ಷಣೆ) ಅನ್ನುವ ದೋಷ ಬರುತ್ತದೆ. ಮಿನಿನೆಟ್ ಸತ್ತರೆ ನೇಮ್‌ಸ್ಪೇಸ್, ಸ್ವಿಚ್ ಎಲ್ಲ ಹಾಗೇ ಬಿದ್ದಿರುತ್ತವೆ, ಅದರ ಸ್ವಚ್ಛಗೊಳಿಸುವ ಕಮಾಂಡ್ ಅನ್ನು ರೂಟ್ ಆಗಿ ಓಡಿಸಬೇಕು. ನಾನು ಮಾಡೋದು ಇಷ್ಟು: ಕೆಡವುವ ಕೋಡ್ ಯಾವಾಗಲೂ ಫೈನಲಿ ಬ್ಲಾಕ್‌ನಲ್ಲಿ. ಲ್ಯಾಬ್ ಹೆಸರಿಗೆಲ್ಲ ಒಂದೇ ಮುನ್ನುಡಿ (ಹೆಸರಿನ ಮುಂದೆ ಬರುವ ಪ್ರಿಫಿಕ್ಸ್) ಅಂಟಿಸಿ, ಪ್ರತಿ ಓಟದ ಮೊದಲು ಆ ಮುನ್ನುಡಿ ಇರುವ ಹಳೇ ಲ್ಯಾಬ್‌ಗಳನ್ನೆಲ್ಲ ಹುಡುಕಿ ಅಳಿಸುತ್ತೇನೆ. ಬೇರೆಯವರ ಲ್ಯಾಬ್‌ಗೆ ಆ ಮುನ್ನುಡಿ ಇರಲ್ಲ, ಹಾಗಾಗಿ ಅವು ಸುರಕ್ಷಿತ.