ಹಿಂದಿನ ಸೀಟಿನ ಬಕಲ್ ಹುಡುಕಿಕೊಟ್ಟ ಸೀಟ್ ಕವರ್ ಅಂಗಡಿ, ಕಾತ್ರಜ್, ಪುಣೆ

ಪುಣೆಯಲ್ಲಿ ಕಾರಿಗೆ ಸೀಟ್ ಕವರ್ ಹಾಕಿಸುವವರಿದ್ದರೆ ಈ ಅಂಗಡಿಗೆ ಹೋಗಿ. ಐದಕ್ಕೆ ಐದು ಸ್ಟಾರ್. ಹೊಲಿಗೆ ಚೆನ್ನಾಗಿದೆ, ಆದರೆ ನಾನು ಮೆಚ್ಚಿದ್ದು ಬೇರೆ ಕಾರಣಕ್ಕೆ.

ನಾನು ಇಲ್ಲಿನ ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ನರ್ಸ್. ಬೈಪಾಸಿನಲ್ಲಿ, ನವಲೆ ಸೇತುವೆಯ ಇಳಿಜಾರಿನಲ್ಲಿ ಗಾಯಗೊಂಡವರು ನಮ್ಮಲ್ಲಿಗೂ ಬರುತ್ತಾರೆ. ಸಂಜೆ ಹೊತ್ತು ಜಾಸ್ತಿ. ಎಷ್ಟೋ ಸಲ ಕಾರು ಓಡಿಸುತ್ತಿದ್ದವನು ನಡೆದುಕೊಂಡೇ ಒಳಗೆ ಬರುತ್ತಾನೆ, ಎದೆ ಮೇಲೆ ಬೆಲ್ಟಿನ ಕೆಂಪು ಗೆರೆ ಅಷ್ಟೆ. ಹಿಂದೆ ಕೂತಿದ್ದ ಅವನ ತಾಯಿ ಸ್ಟ್ರೆಚರ್ ಮೇಲೆ ಇರುತ್ತಾರೆ. ತಲೆಗೆ ಪೆಟ್ಟು, ಮುಖವೆಲ್ಲ ಗಾಯ. ಮೊಣಕಾಲು ಮುಂದಕ್ಕೆ ಬಡಿದು ಸೊಂಟದ ಕೀಲೇ ತಪ್ಪಿದವರನ್ನೂ ನೋಡಿದ್ದೇನೆ. ಬೆಲ್ಟ್ ಯಾಕೆ ಹಾಕಿರಲಿಲ್ಲ ಅಂತ ಕೇಳಿದರೆ, "ಬಕಲ್ ಕವರ್ ಒಳಗೆ ಹೋಗಿದೆ ಸಿಸ್ಟರ್, ಸಿಗಲ್ಲ" ಅನ್ನುತ್ತಾರೆ.

ನಾವು ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನಲ್ಲೂ ಹಾಗೇ ಇತ್ತು. ಅಂಗಡಿಯವರು ಬಸವಕಲ್ಯಾಣದ ಕಡೆಯವರು. ನಾನು ಬಾಯಿ ಬಿಡುವ ಮೊದಲೇ ಹಿಂದಿನ ಸೀಟ್ ಎತ್ತಿ ಮೂರೂ ಬಕಲ್ ಹೊರಗೆ ಎಳೆದರು. "ಇವು ಮೊದಲು ಅಕ್ಕಾರ, ಕವರ್ ಆಮೇಲೆ" ಅಂದರು. ಹೊಸ ಕವರಿನಲ್ಲಿ ಪ್ರತಿ ಬಕಲ್‌ಗೂ ಜಾಗ ಬಿಟ್ಟು ಅಂಚು ಹೊಲಿದರು. ಮಕ್ಕಳ ಸೀಟ್ ಸಿಕ್ಕಿಸುವ ಐಸೋಫಿಕ್ಸ್ ಕೊಕ್ಕೆಗಳನ್ನೂ ಮುಚ್ಚಲಿಲ್ಲ. ಮುಂದಿನ ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಲೇಬಲ್ ಇದೆಯಾ ಅಂತ ನೋಡಿದರು. ಇದ್ದರೆ ಆ ಭಾಗದಲ್ಲಿ ಗಟ್ಟಿ ಹೊಲಿಗೆ ಹಾಕಬಾರದು. ಬ್ಯಾಗ್ ಕವರನ್ನು ಹರಿದುಕೊಂಡು ಹೊರಗೆ ಬರಬೇಕಲ್ವಾ?

ನಾನಿದ್ದಾಗಲೇ ಒಬ್ಬ ಹುಡುಗ ಬಂದು ಬೆಲ್ಟ್ ಅಲಾರಂ ಬಾಯಿ ಮುಚ್ಚಿಸುವ ಕ್ಲಿಪ್ ಕೇಳಿದ. "ಅದನ್ನ ನಾವು ಇಡಂಗಿಲ್ಲಪ್ಪ" ಅಂತ ಕಳಿಸಿದರು. ಆನ್‌ಲೈನ್ ಕಂಪನಿಗಳು ಆ ಕ್ಲಿಪ್ ಮಾರಬಾರದು ಅಂತ 2023ರಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆದೇಶ ಮಾಡಿದೆ. ಬಂದ ಗಿರಾಕಿಯನ್ನು ಹೀಗೆ ಕಳಿಸೋದಕ್ಕೆ ಮನಸ್ಸು ಬೇಕು. ನನಗೆ ತುಂಬ ಗೌರವ ಬಂತು.

2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಹತ್ತಿರ ಕಾರು ಅಪಘಾತದಲ್ಲಿ, ಹಿಂದೆ ಬೆಲ್ಟ್ ಹಾಕದೆ ಕೂತಿದ್ದ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಹಿಂದಿನ ಸೀಟಿನ ಬೆಲ್ಟ್ ಬಗ್ಗೆ ಎಲ್ಲರೂ ಮಾತಾಡಿದರು. ಅದೇ ವರ್ಷ ದೇಶದಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಜನ. ಅದರಲ್ಲಿ 8,331 ಜನ ಸುಮ್ನೆ ಜೊತೆಗೆ ಕೂತಿದ್ದ ಪ್ರಯಾಣಿಕರು. ಊರೊಳಗೆ ತಾನೇ, ಹಿಂದೆ ತಾನೇ ಅಂತ ನಾವು ಬಿಟ್ಟುಬಿಡುತ್ತೇವೆ.

ಬೆಲ್ಟ್ ಹಾಕುವ ರೀತಿಯನ್ನೂ ನೋಡಿಕೊಳ್ಳಿ. ಕೆಳಗಿನ ಪಟ್ಟಿ ಹೊಟ್ಟೆ ಮೇಲಲ್ಲ, ಸೊಂಟದ ಮೂಳೆ ಮೇಲೆ ಕೂರಬೇಕು. ಮೇಲಿನ ಪಟ್ಟಿ ಕಂಕುಳ ಕೆಳಗೆ ಹೋಗಬಾರದು. ಹೊಟ್ಟೆ ಮೇಲೆ ಬಿಗಿದರೆ ಒಳಗೆ ಕರುಳಿಗೇ ಪೆಟ್ಟಾಗಬಹುದು.

ಕೊರತೆ ಅಂದರೆ ಪಾರ್ಕಿಂಗ್ ಇಲ್ಲ, ಭಾನುವಾರ ವಿಪರೀತ ರಷ್. ಪೂರ್ತಿ ಸೆಟ್‌ಗೆ 6,500 ರೂಪಾಯಿ ತೆಗೆದುಕೊಂಡರು. ವಾರದ ನಡುವೆ ಬೆಳಿಗ್ಗೆಯೇ ಕಾರು ಬಿಡಿ. ವಾಪಸ್ ತರುವಾಗ ಮಧ್ಯದ ಸೀಟಿನ ಬೆಲ್ಟನ್ನೂ ನೀವೇ ಹಾಕಿ ನೋಡಿ.